ಪೆನ್‌ಡ್ರೈವ್ ಡ್ರಾಯರಿನ ಕೆಂಪು ಚುಕ್ಕೆ

ನಮ್ಮ ಅತ್ತೆಯ ಬಲಗೈ ತೋರುಬೆರಳಿನ ತುದಿಯಲ್ಲಿ ಯಾವಾಗಲೂ ಕೆಂಪು ನೇಲ್ ಪಾಲಿಶ್ ಅಂಟಿರುತ್ತಿತ್ತು. ಉಗುರಿನ ಮೇಲಲ್ಲ, ಚರ್ಮದ ಮೇಲೆ. ಉಗುರಿಗೆ ಬಣ್ಣ ಹಚ್ಚಿಕೊಂಡವರನ್ನು ಕಂಡರೆ ಮೂಗು ಮುರಿಯುತ್ತಿದ್ದ ಅವರು ಆ ಬಾಟಲಿ ತಂದದ್ದು ಕಂಪ್ಯೂಟರಿನ ಸ್ಕ್ರೂಗಳಿಗೆ. ಸಿಪಿಯು ಡಬ್ಬದ ಪ್ರತಿ ಸ್ಕ್ರೂ ತಲೆಯ ಮೇಲೂ ಬೆರಳಲ್ಲೇ ಒಂದು ಚುಕ್ಕೆ ಒತ್ತುತ್ತಿದ್ದರು. ರಿಪೇರಿಯವನು ಕಣ್ಣು ತಪ್ಪಿಸಿ ಡಬ್ಬ ಬಿಚ್ಚಿದರೆ ಚುಕ್ಕೆ ಒಡೆದು ಅವನ ಗುಟ್ಟು ರಟ್ಟಾಗಬೇಕು, ಅದು ಅವರ ಲೆಕ್ಕಾಚಾರ.

ಶಿಡ್ಲಘಟ್ಟದಲ್ಲಿ, ರೇಷ್ಮೆಗೂಡಿನ ಮಾರುಕಟ್ಟೆಗೆ ಹೋಗುವ ರಸ್ತೆಯಲ್ಲಿ ಅತ್ತೆಯದು ಲಗ್ನಪತ್ರಿಕೆಯ ಅಂಗಡಿ. ನಾನು ಸೊಸೆಯಾಗಿ ಬಂದ ಮೇಲೆ ಅಲ್ಲೇ ಕಂಪ್ಯೂಟರಿನ ಮುಂದೆ ಕೂತೆ. ಅತ್ತೆ ಅನುಮಾನದ ಮನುಷ್ಯರು. ಹಾಲಿನವನ ಮೇಲೆ ಅನುಮಾನ, ತಕ್ಕಡಿಯ ಮೇಲೆ ಅನುಮಾನ. ಚಿಕ್ಕಬಳ್ಳಾಪುರದ ಬಸ್ಸು ಹತ್ತಿದರೆ ಬೋರ್ಡು ಓದಿ, ಕಂಡಕ್ಟರನ್ನು ಕೇಳಿ, ಪಕ್ಕದ ಸೀಟಿನವರನ್ನೂ ಒಂದು ಸಲ ಕೇಳಬೇಕು. "ಎವರಿಕಿ ತೆಲುಸು? ಯಾರಿಗ್ಗೊತ್ತಮ್ಮ?" ಎಂದು ತೆಲುಗಿನಲ್ಲೊಮ್ಮೆ ಕನ್ನಡದಲ್ಲೊಮ್ಮೆ ಹೇಳಿದ ಮೇಲೆಯೇ ಅವರಿಗೆ ಸಮಾಧಾನ.

ಕಂಪ್ಯೂಟರಿನ ವಿಷಯದಲ್ಲಿ ಅವರು ಒಪ್ಪಿಕೊಂಡದ್ದು ಒಂದನ್ನೇ, ಡಿಫ್ರಾಗ್. ಅವರ ತವರು ರೇಷ್ಮೆ ನೂಲು ಬಿಚ್ಚುವ ಮನೆ. ಡಿಸ್ಕಿನಲ್ಲಿ ಒಂದೊಂದು ಫೈಲೂ ಚೂರು ಚೂರಾಗಿ ಅಲ್ಲೊಂದು ಇಲ್ಲೊಂದು ಬಿದ್ದಿರುತ್ತದೆ, ಡಿಫ್ರಾಗ್ ಮಾಡಿದರೆ ಒಟ್ಟಾಗುತ್ತದೆ ಎಂದು ಯಾರೋ ಹೇಳಿದಾಗ ಅವರು ತಟ್ಟನೆ, "ಗೂಡಿನ ಎಳೆ ಕಿತ್ತೋದ್ರೆ ತುದಿ ಹುಡುಕಿ ಸೇರಿಸ್ತೀವಲ್ಲ, ಅದೇ ಕಣಮ್ಮ!" ಅಂದಿದ್ದರಂತೆ. ಎಷ್ಟು ದಿನಕ್ಕೊಮ್ಮೆ ಸೇರಿಸಬೇಕು ಅನ್ನುವುದೇ ತಗಾದೆ. ಕಂಪ್ಯೂಟರ್ ಕ್ಲಾಸಿನ ಮೇಷ್ಟ್ರು ತಿಂಗಳಿಗೊಮ್ಮೆ ಅಂದರು. ಗೌರಿಬಿದನೂರಿನಿಂದ ಬರುತ್ತಿದ್ದ ರಿಪೇರಿಯವನು ವಾರಕ್ಕೊಮ್ಮೆ ಅಂದ. ಕುಡುಮಲಕುಂಟೆ ಫ್ಯಾಕ್ಟರಿಯಲ್ಲಿದ್ದ ಅವರ ತಂಗಿಯ ಮಗ, "ನಿಧಾನ ಆದಾಗ ಮಾಡಿದ್ರೆ ಸಾಕು ದೊಡ್ಡಮ್ಮ" ಅಂದ.

"ಮೂರು ಜನ ಮೂರು ಥರ ಹೇಳ್ತಾರೆ ಅಂದ್ರೆ ಮೂವರಿಗೂ ಗೊತ್ತಿಲ್ಲ" ಎಂದು ತೀರ್ಮಾನಿಸಿದ ಅತ್ತೆ ಪಂಚಾಂಗ ನೋಡಿದರು. ಅಮಾವಾಸ್ಯೆಯ ದಿನ ನಮ್ಮ ಕಡೆ ಯಾರೂ ಲಗ್ನಪತ್ರಿಕೆ ಬರೆಸಲು ಬರುವುದಿಲ್ಲ. ಅಂಗಡಿ ಖಾಲಿ, ಮಿಷನ್ನೂ ಖಾಲಿ. ಹೀಗೆ ನಮ್ಮ ಅಂಗಡಿಯಲ್ಲಿ ಪ್ರತಿ ಅಮಾವಾಸ್ಯೆಗೆ ಡಿಫ್ರಾಗ್ ಆಗತೊಡಗಿತು.

ಅವತ್ತು ಅತ್ತೆ ಪರದೆಯ ಮುಂದಿನಿಂದ ಏಳುತ್ತಿರಲಿಲ್ಲ. ಚೂರಾದ ಫೈಲುಗಳ ಕೆಂಪು ಗೆರೆಗಳು ಒಂದೊಂದಾಗಿ ನೀಲಿಯಾಗುವುದನ್ನು ರೆಪ್ಪೆ ಬಡಿಯದೆ ಕಾಯುತ್ತಿದ್ದರು. ಟೀ ಕೂಡ ಬೇಡ. ಒಮ್ಮೆ ಪೆರೇಸಂದ್ರದಿಂದ ಬಂದ ಹೆಂಗಸೊಬ್ಬಳು ಬಾಗಿಲಲ್ಲೇ ಚಪ್ಪಲಿ ಬಿಟ್ಟು, "ಪೂಜೆ ನಡೀತೈತಾ?" ಎಂದು ಪಿಸುದನಿಯಲ್ಲಿ ಕೇಳಿದ್ದಳು. ನನಗೆ ಮಾತ್ರ ಬೇರೆಯೇ ಗುಮಾನಿ. ನಾನು ಏನು ಅಳಿಸಿದೆ, ಏನು ಕದ್ದೆ ಎಂದು ಅತ್ತೆ ಹುಡುಕುತ್ತಿದ್ದಾರೆ ಅನ್ನಿಸುತ್ತಿತ್ತು.

ಅದಕ್ಕೆ ಕಾರಣವಿತ್ತು. ನಾನು ಬಂದ ಎರಡನೇ ವರ್ಷ ನಮ್ಮಣ್ಣ ಚಿಂತಾಮಣಿಯಲ್ಲಿ ಲಗ್ನಪತ್ರಿಕೆಯದ್ದೇ ಅಂಗಡಿ ತೆರೆದ. ಅತ್ತೆ ಬಾಯಿಬಿಟ್ಟು ಏನೂ ಅನ್ನಲಿಲ್ಲ. ನಮ್ಮ ಡಿಸೈನುಗಳನ್ನೆಲ್ಲ ತುಂಬಿಟ್ಟ ಪೆನ್‌ಡ್ರೈವ್‌ಗಳು ಮೇಜಿನ ಡ್ರಾಯರಿನಲ್ಲಿರುತ್ತಿದ್ದವು. ಸಂಜೆ ಅಡುಗೆಗೆಂದು ಅತ್ತೆ ಮೊದಲು ಮನೆಗೆ ಹೋಗುತ್ತಿದ್ದರು, ಬಾಗಿಲು ಹಾಕುವವಳು ನಾನು. ಒಂದು ಸಂಜೆ ನೋಡಿದರೆ ಡ್ರಾಯರು ಮೇಜಿಗೆ ಸೇರುವ ಸಂದಿಯ ಮೇಲೆ ಕೆಂಪು ಚುಕ್ಕೆ! ನನ್ನ ಮೈ ಉರಿದುಹೋಯಿತು.

ಮಾರನೇ ಬೆಳಿಗ್ಗೆ ಕೇಳಿಯೇಬಿಟ್ಟೆ. "ನನ್ನ ಮೇಲೂ ಅನುಮಾನಾನಾ ಅತ್ತೆ?"

"ಅನುಮಾನ ಪಡದೇ ಇರೋಕೆ ನೀನೇನು ದೇವ್ರಾ?"

"ನಾನು ಡಿಸೈನ್ ಕದ್ದು ತವರಿಗೆ ಕೊಡ್ತೀನಾ?"

"ನಾನು ಹಂಗಂದ್ನಾ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಂತೆ."

ಅವತ್ತೇ ಪಂತ ಹಿಡಿದೆ. ಆ ಡ್ರಾಯರನ್ನು ಮುಟ್ಟುವುದಿಲ್ಲ, ಕಣ್ಣೆತ್ತಿಯೂ ನೋಡುವುದಿಲ್ಲ. ಪೆನ್‌ಡ್ರೈವ್ ಬೇಕಾದರೆ, "ನೀವೇ ತೆಗೆದುಕೊಡಿ ಅತ್ತೆ" ಅನ್ನುತ್ತಿದ್ದೆ. ಅವರೂ ತೆಗೆದುಕೊಡುತ್ತಿದ್ದರು. ಅದೇ ಅತ್ತೆ ನನಗೆ ಜ್ವರ ಬಂದಾಗ ಗಂಜಿ ಕಾಯಿಸಿ ತಂದು, "ಉಪ್ಪು ಸರಿಯಿದೆಯಾ?" ಎಂದು ಕೇಳುತ್ತಿದ್ದರು. ನಾನು ಗಂಜಿ ಕುಡಿದೆ, ಪಂತ ಬಿಡಲಿಲ್ಲ.

ಕೊನೆಗೆ ಡಿಸ್ಕು ಎಷ್ಟು ಡಿಫ್ರಾಗ್ ಮಾಡಿದರೂ ತೆವಳತೊಡಗಿತು. ಮದುವೆ ಸೀಸನ್ನು ಹತ್ತಿರ ಬಂದಿತ್ತು, ರಿಪೇರಿಯವನು ಫೋನೇ ಎತ್ತುತ್ತಿರಲಿಲ್ಲ. ವಿಧಿಯಿಲ್ಲದೆ ಅತ್ತೆ, "ನಿಮ್ಮಣ್ಣನ್ನೇ ಕರಿ" ಅಂದರು. ಅಮಾವಾಸ್ಯೆಯ ದಿನ ಅಣ್ಣ ಬಂದ. ಅತ್ತೆ ಎದುರಿಗೇ ಕುರ್ಚಿ ಹಾಕಿಕೊಂಡು ಕೂತರು. ಹಳೆಯ ಡಿಸ್ಕು ಬಿಚ್ಚಿ, ತಿರುಗುವ ತಟ್ಟೆಯಿಲ್ಲದ ಎಸ್‌ಎಸ್‌ಡಿ ಕೂರಿಸಿ, ಹಳೆಯದರಲ್ಲಿದ್ದ ಡಿಸೈನುಗಳನ್ನೆಲ್ಲ ಅದಕ್ಕೆ ತುಂಬಿ ಎದ್ದು ನಿಂತ ಅಣ್ಣ, "ಅಮ್ಮಾ, ಇನ್ಮೇಲೆ ಇದಕ್ಕೆ ಡಿಫ್ರಾಗ್ ಮಾಡೋಕೆ ಹೋಗ್ಬೇಡಿ" ಎಂದು ಹೇಳಿ ಹೊರಟ.

ಅವನ ಬೈಕಿನ ಸದ್ದು ಮರೆಯಾಗುವ ಮೊದಲೇ ಅತ್ತೆ ಮೌಸ್ ಹಿಡಿದರು. "ಮಾಡ್ಬೇಡಿ ಅಂತಾನೆ ಅಂದ್ರೆ ಅದ್ರಲ್ಲಿ ಏನೋ ಐತೆ. ಅವನೂ ಇದೇ ವ್ಯಾಪಾರದೋನು."

ಅತ್ತೆ ತಿರುಗಿ ನನ್ನ ಮುಖ ನೋಡಿದರು. ಅಷ್ಟು ವರ್ಷದಲ್ಲಿ ಮಿಷನ್ನಿನ ಬಗ್ಗೆ ನನ್ನನ್ನು ಏನೂ ಕೇಳಿದವರಲ್ಲ. "ನೀನೇನಂತೀಯಾ?"

"ಮಾಡ್ಬಾರ್ದು ಅತ್ತೆ."

"ನಿಮ್ಮಣ್ಣ ಹೇಳ್ದ ಅಂತಾನಾ? ನಿಂಗೇ ಗೊತ್ತಾ?"

"ನಂಗೇ ಗೊತ್ತು. ಹಳೇದ್ರಲ್ಲಿ ತಟ್ಟೆ ತಿರುಗಿ ತಿರುಗಿ ಎಳೆ ಹುಡುಕ್ಬೇಕಾಗಿತ್ತು. ಇದ್ರಲ್ಲಿ ಎಳೆ ಎಲ್ಲೇ ಬಿದ್ದಿರ್ಲಿ, ತಕ್ಷಣ ಸಿಗುತ್ತೆ. ಸೇರಿಸ್ತೀವಿ ಅಂತ ಸುಮ್ಮಸುಮ್ಮನೆ ಎತ್ತಿ ಇಟ್ರೆ ಡಿಸ್ಕೇ ಸವೆಯುತ್ತೆ."

ಅತ್ತೆಯ ಬೆರಳು ಮೌಸಿನ ಮೇಲೇ ಇತ್ತು. ಅವರು ಡಿಫ್ರಾಗ್ ಗುಂಡಿ ಒತ್ತಿದ್ದರೆ ನಾನು ಆ ಮನೆಯಲ್ಲಿ ಕಡೆಯವರೆಗೂ ಚಿಂತಾಮಣಿಯವಳಾಗಿಯೇ ಉಳಿಯುತ್ತಿದ್ದೆ. ಅತ್ತೆ ಮೌಸ್ ಬಿಟ್ಟರು. "ಎವರಿಕಿ ತೆಲುಸು" ಎಂದು ಗೊಣಗಿ, "ಟೀ ತರ್ಸಮ್ಮ" ಅಂದರು.

ಸ್ಕ್ರೂಗಳಿಗೆ ಹಚ್ಚಲು ಹೋದರೆ ಕೆಂಪು ಬಾಟಲಿ ಒಣಗಿ ಕಲ್ಲಾಗಿತ್ತು. ಮನೆಗೆ ಹೋಗುವ ದಾರಿಯಲ್ಲಿ ಫ್ಯಾನ್ಸಿ ಸ್ಟೋರಿನಲ್ಲಿ ಕೇಳಿದೆವು. ಸಿಕ್ಕಿದ್ದು ರಾಣಿ ಬಣ್ಣದ್ದು, ಕಡು ಗುಲಾಬಿ. "ಕಳ್ಳನಿಗೆ ಯಾವ ಬಣ್ಣ ಆದ್ರೇನು" ಎಂದು ಅತ್ತೆ ಅದನ್ನೇ ಕೊಂಡರು. ಅಲ್ಲಿಂದ ಕೊನೆಯವರೆಗೂ ಅವರ ಬೆರಳ ತುದಿ ರಾಣಿ ಬಣ್ಣವೇ.

ಕಳೆದ ಮಾಘದಲ್ಲಿ ಅತ್ತೆ ಹೋದರು. ಅವರ ವೈಕುಂಠ ಸಮಾರಾಧನೆಯ ಕಾರ್ಡನ್ನು ನಾನೇ ಮಾಡಬೇಕಿತ್ತು. ಅವರಿಗೆ ಇಷ್ಟವಾಗಿದ್ದ ಬಳ್ಳಿಯ ಬಾರ್ಡರು ಇದ್ದದ್ದು ಹಳೆಯ ಪೆನ್‌ಡ್ರೈವಿನಲ್ಲಿ. ತೆಗೆದುಕೊಡಿ ಎನ್ನಲು ಯಾರೂ ಇರಲಿಲ್ಲ. ನಾನೇ ಡ್ರಾಯರಿನ ಮುಂದೆ ಬಗ್ಗಿದೆ.

ಸಂದಿಯ ಮೇಲೆ ಚುಕ್ಕೆ ಇನ್ನೂ ಇತ್ತು. ಅದೇ ಹಳೆಯ ಕೆಂಪು. ನಡುವೆ ಒಡೆದು ಎರಡು ಹೋಳಾಗಿತ್ತು, ಬಿರುಕಿನಲ್ಲಿ ಧೂಳು ಕೂತು ಕಪ್ಪಾಗಿತ್ತು. ರಾಣಿ ಬಣ್ಣ ಅಲ್ಲಿ ಒಂದು ತೊಟ್ಟೂ ಇರಲಿಲ್ಲ. ಪಕ್ಕದಲ್ಲೇ ಇದ್ದ ಸಿಪಿಯು ಸ್ಕ್ರೂಗಳ ಮೇಲೆ ಮಾತ್ರ ಅದು ಹೊಸದಾಗಿ ಹೊಳೆಯುತ್ತಿತ್ತು.

ಅಂದರೆ ನನಗೆ ಪೆನ್‌ಡ್ರೈವ್ ತೆಗೆದುಕೊಡುವಾಗ ಒಡೆದ ಚುಕ್ಕೆಯ ಮೇಲೆ ಆ ಅಮಾವಾಸ್ಯೆಯ ನಂತರ ಅತ್ತೆ ಮತ್ತೆ ಬಣ್ಣ ಮುಟ್ಟಿಸಿರಲೇ ಇಲ್ಲ. ರಿಪೇರಿಯವನ ಮೇಲೆ, ಹಾಲಿನವನ ಮೇಲೆ, ತಕ್ಕಡಿಯ ಮೇಲೆ ಅವರಿಗೆ ಕೊನೆಯ ದಿನದವರೆಗೂ ಅನುಮಾನವಿತ್ತು. ನನ್ನ ಮೇಲಿನದು ಯಾವಾಗಲೋ ಮುಗಿದಿತ್ತು. ಇಷ್ಟು ವರ್ಷ "ನೀವೇ ತೆಗೆದುಕೊಡಿ ಅತ್ತೆ" ಅನ್ನುತ್ತಾ ಆ ಅನುಮಾನವನ್ನು ಕಾಯ್ದುಕೊಂಡು ಬಂದವಳು ನಾನು. ಡ್ರಾಯರು ಎಳೆದೆ. ಅದು ಸಲೀಸಾಗಿ ಬಂತು.