ಮೌಲಾಸಾಬ್‌ನ ಬೋರ್ಡು, ದುರುಗಣ್ಣನ ಕೈ

ಹೊನ್ನಾಳಿ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಮೌಲಾಸಾಬ್‌ನ ಅಂಗಡಿ. ಬೋರ್‌ವೆಲ್ ಮೋಟರಿಗೆ ಸ್ಟಾರ್ಟರ್, ಹಿಟ್ಟಿನ ಗಿರಣಿಗೆ ಪ್ಯಾನಲ್ ಬೋರ್ಡು, ಅಕ್ಕಿ ಮಿಲ್ಲಿಗೆ ಅದಕ್ಕಿಂತ ದೊಡ್ಡ ಬೋರ್ಡು, ಇವನ್ನು ಕಟ್ಟುವುದು ಅವನ ಕಸುಬು. ಬೋರ್ಡಿನ ಒಳಗಿನ ತಂತಿಗಳನ್ನು ಹೆಣ್ಣುಮಕ್ಕಳ ಜಡೆಯ ಹಾಗೆ ಓರಣವಾಗಿ ಕಟ್ಟುತ್ತಿದ್ದ. ಕೆಲಸಕ್ಕೆ ಹೆಸರು ಇಡುವ ಹಾಗಿರಲಿಲ್ಲ, ಮನುಷ್ಯ ಮಾತ್ರ ಒಂದಿಷ್ಟು ಬಿಗಿ. ಕರೆಂಟಿನ ಜೊತೆ ಬದುಕಿ ಬದುಕಿ ಅವನ ಬಾಯಲ್ಲೂ ಎರಡೇ ಮಾತು ಉಳಿದಿದ್ದವು: ಆಗುತ್ತೆ, ಆಗಲ್ಲ. ಸಾರಿಗೆ ಉಪ್ಪು ಹೇಗಿದೆ ಎಂದು ಹೆಂಡತಿ ಸೈದಾಬೀ ಕೇಳಿದರೆ ಐತೆ ಎನ್ನುತ್ತಿದ್ದ, ಇಲ್ಲ ಎನ್ನುತ್ತಿದ್ದ. ಒಂಚೂರು ಕಮ್ಮಿ ಎಂದು ಒಂದು ದಿನವೂ ಹೇಳಿದವನಲ್ಲ.

ಇಂಥವನಿಗೆ ಜೀವದ ಗೆಳೆಯನಾಗಿ ಸಿಕ್ಕಿದ್ದು ದುರುಗಣ್ಣ. ಊರು ಜಗಳೂರಿನ ಹತ್ತಿರ. ನ್ಯಾಮತಿ ರಸ್ತೆಯ ಅಕ್ಕಿ ಮಿಲ್ಲಿನಲ್ಲಿ ಡ್ರೈಯರ್ ನೋಡಿಕೊಳ್ಳುವ ಕೆಲಸಕ್ಕೆಂದು ಮೀಸೆ ಚಿಗುರುವ ಮೊದಲೇ ಬಂದವನು, ಅಲ್ಲಿಯೇ ನರೆತ. ಡ್ರೈಯರ್ ಎಂದರೆ ಬೇಯಿಸಿದ ಭತ್ತವನ್ನು ಒಣಗಿಸುವ ಎತ್ತರದ ತಗಡಿನ ಗೂಡು. ಅದರ ಬುಡದಲ್ಲಿ ಹೊಟ್ಟು ಉರಿಯುವ ಒಲೆ, ಒಲೆಯ ಬಿಸಿಗಾಳಿ ಗೂಡಿನೊಳಗೆ ಹೋಗುವ ದಾರಿಯಲ್ಲಿ ಒಂದು ತಗಡಿನ ಬಾಗಿಲು, ಆ ಬಾಗಿಲನ್ನು ತೆರೆದು ಮುಚ್ಚಲು ಒಂದು ಚಕ್ರ. ಚಕ್ರ ಎಷ್ಟು ತಿರುವಿದರೆ ಅಷ್ಟು ಬಿಸಿ. ಬಿಸಿ ಹೆಚ್ಚಾದರೆ ಕಾಳು ಬಿರುಕು ಬಿಟ್ಟು ಮಿಲ್ಲಿಗೆ ಹಾಕಿದಾಗ ನುಚ್ಚಾಗುತ್ತದೆ, ಕಮ್ಮಿಯಾದರೆ ಹಸಿ ಉಳಿದು ಮುಗ್ಗುತ್ತದೆ. ದುರುಗಣ್ಣ ಪಕ್ಕದ ಕಿಂಡಿಯಿಂದ ಒಂದು ಹಿಡಿ ಭತ್ತ ತೆಗೆದು, ಎರಡು ಕಾಳು ಹಲ್ಲಿಗೆ ಹಾಕಿ ಕಚ್ಚುತ್ತಿದ್ದ. ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಯೋಚಿಸಿ ಚಕ್ರವನ್ನು ಒಂದು ಬೆರಳಿನಷ್ಟು ಈಚೆಗೆ ಎಳೆಯುತ್ತಿದ್ದ. ಅಷ್ಟೇ ಅವನ ವಿದ್ಯೆ. ಆ ಮಿಲ್ಲಿನ ಅಕ್ಕಿಯಲ್ಲಿ ನುಚ್ಚು ಕಮ್ಮಿ ಎಂದು ದಾವಣಗೆರೆಯ ಮಂಡಿಯವರೂ ಒಪ್ಪುತ್ತಿದ್ದರು.

"ನಿಂದು ಬರೀ ಹೌದು, ಇಲ್ಲ. ನಂದು ಪೂರ್ತಿ ಅದರ ನಡುವಿಂದು. ನಮ್ಮಿಬ್ಬರಿಗೆ ಹೆಂಗೆ ಜೋಡಿ ಬಿತ್ತೋ ಮೌಲಾ" ಎಂದು ದುರುಗಣ್ಣ ಛೇಡಿಸುತ್ತಿದ್ದ. ಮಧ್ಯಾಹ್ನ ಸೈದಾಬೀ ಕಳಿಸಿದ ಬುತ್ತಿಯನ್ನು ಇಬ್ಬರೂ ಹೊಟ್ಟಿನ ಗುಡ್ಡೆಯ ನೆರಳಲ್ಲಿ ಕೂತು ಉಣ್ಣುತ್ತಿದ್ದರು. ದುರುಗಣ್ಣನ ಹೆಂಡತಿ ಉಚ್ಚಂಗೆಮ್ಮ ಊರಲ್ಲಿ ಹೊಲ ನೋಡಿಕೊಂಡು ಇದ್ದಳು, ಇವನು ಅಮಾವಾಸ್ಯೆಗೆ ಮಿಲ್ಲು ನಿಂತಾಗ ಹೋಗಿ ಬರುತ್ತಿದ್ದ. ಹೀಗೆ ಬದುಕು ತನ್ನ ಪಾಡಿಗೆ ನಡೆದಿತ್ತು.

ಮಿಲ್ಲಿನ ದೊಡ್ಡ ಸಾವ್ಕಾರರು ತೀರಿಕೊಂಡು ಮಗ ಮಹಾಂತೇಶ್ ಗಲ್ಲೆಯ ಮೇಲೆ ಕೂತ ಮೇಲೆ ಡ್ರೈಯರನ್ನು ಆಟೋಮ್ಯಾಟಿಕ್ ಮಾಡಿಸುವ ಮಾತು ಬಂತು. ಮಹಾಂತೇಶ್ ಕೆಟ್ಟವನಲ್ಲ, ಅವಸರದವನು. ಕೆಲಸ ಮೌಲಾಸಾಬ್‌ಗೇ ಕೊಟ್ಟ. ಮೌಲಾಸಾಬ್ ಚನ್ನಗಿರಿಗೆ ಹೋಗಿ ಅಲ್ಲಿನ ಒಂದು ಮಿಲ್ಲಿನ ಡ್ರೈಯರ್ ನೋಡಿ ಬಂದ. ಅದರಲ್ಲಿ ಬರೀ ರಿಲೇ ಎಂಬ ಹೌದು-ಇಲ್ಲದ ಸ್ವಿಚ್ಚುಗಳು ಇದ್ದವು: ಬಿಸಿ ಗೆರೆ ದಾಟಿದರೆ ಬಾಗಿಲು ಪೂರ್ತಿ ಮುಚ್ಚು, ಗೆರೆಯ ಕೆಳಗೆ ಇಳಿದರೆ ಪೂರ್ತಿ ತೆರೆ. ಬಾಗಿಲು ದಿನವಿಡೀ ಪಟಪಟ ಬಡಿದುಕೊಳ್ಳುತ್ತಿತ್ತು, ಅಕ್ಕಿಯೆಲ್ಲ ನುಚ್ಚು. ಮೌಲಾಸಾಬ್‌ಗೆ ಜೀವಮಾನದಲ್ಲಿ ಮೊದಲ ಸಲ ಹೌದು-ಇಲ್ಲಗಳು ಸಾಲವು ಎನಿಸಿತು.

ಅದಕ್ಕೇ ಅವನು ಹೌದು-ಇಲ್ಲವನ್ನೂ ಅದರ ನಡುವಿನದನ್ನೂ ಕೂಡಿಸಿದ. ಬೆಲ್ಟ್ ನಿಂತರೆ ಫ್ಯಾನ್ ನಿಲ್ಲಬೇಕು, ಒಲೆ ಮಿತಿ ಮೀರಿದರೆ ಗಂಟೆ ಹೊಡೆಯಬೇಕು, ಇಂಥ ಖಂಡಿತದ ಕೆಲಸಗಳನ್ನು ರಿಲೇಗಳಿಗೆ ಬಿಟ್ಟ. ಬಾಗಿಲನ್ನು ಒಂದೊಂದು ಕೂದಲಿನಷ್ಟು ಸರಿಸುವ ಕೆಲಸಕ್ಕೆ ಕಂಟ್ರೋಲರ್ ಎಂಬ ಪುಟ್ಟ ಡಬ್ಬಿ ತಂದು ಹಾಕಿದ. ಬಿಸಿ ಎಷ್ಟು ಕಮ್ಮಿ, ಎಷ್ಟು ಹೊತ್ತಿನಿಂದ ಕಮ್ಮಿ ಎಂದು ಲೆಕ್ಕ ಇಟ್ಟು ಅದಕ್ಕೆ ತಕ್ಕಷ್ಟೇ ಬಾಗಿಲು ತೆರೆಯುವ ಡಬ್ಬಿ ಅದು. ವಾರಗಟ್ಟಲೆ ದುರುಗಣ್ಣನ ಪಕ್ಕ ನಿಂತು, ಅವನು ಯಾವಾಗ ಎಷ್ಟು ಎಳೆಯುತ್ತಾನೆಂದು ನೋಡಿ ನೋಡಿ ಅದನ್ನು ಹದಕ್ಕೆ ತಂದ. ಹೊಸ ಬೋರ್ಡು ಬಂದರೆ ಗೆಳೆಯನ ಹೊಟ್ಟೆಯ ಮೇಲೆ ಹೊಡೆದಂತೆ ಆಗಬಾರದೆಂದು ಸಾವ್ಕಾರನ ಹತ್ತಿರ ಹಟ ಹಿಡಿದು ಒಂದು ಸ್ವಿಚ್ಚನ್ನೂ ಇಡಿಸಿದ. ಆ ಕಡೆ ತಿರುವಿದರೆ 'ಆಟೋ', ಈ ಕಡೆ ತಿರುವಿದರೆ 'ಕೈ'. ದುರುಗಣ್ಣನಿಗೆ ಮಂಡಿನೋವು, ನಡೆದಾಡುವುದು ಬೇಡವೆಂದು ಆ ಸ್ವಿಚ್ಚನ್ನು ಭತ್ತ ತೆಗೆಯುವ ಕಿಂಡಿಯ ಪಕ್ಕಕ್ಕೇ ಕೂರಿಸಿದ.

ಪ್ರೀತಿಯಿಂದ ಮಾಡಿದ ಕೆಲಸ. ತಪ್ಪು ಆಗಿದ್ದೂ ಆ ಪ್ರೀತಿಯಲ್ಲಿಯೇ. ಆಟೋದಿಂದ ಕೈಗೆ ತಿರುವಿದರೆ ಏನಾಗುತ್ತದೆಂದು ಮೌಲಾಸಾಬ್ ಹತ್ತಾರು ಸಲ ಪರೀಕ್ಷೆ ಮಾಡಿದ್ದ. ಕೈಯಿಂದ ಆಟೋಗೆ ತಿರುವುವುದನ್ನು ಒಲೆ ಉರಿಯುವಾಗ ಒಂದು ಸಲವೂ ಮಾಡಿ ನೋಡಲಿಲ್ಲ. ದುರುಗಣ್ಣ ಒಂದು ಸಲ ಕೈಗೆ ತೆಗೆದುಕೊಂಡರೆ ಬಿಡುವ ಆಸಾಮಿಯಲ್ಲ ಎಂಬುದು ಅವನಿಗೆ ಅಷ್ಟು ಖಾತ್ರಿಯಾಗಿತ್ತು. ಬೇರೆ ಯಾರದ್ದಾದರೂ ಮಿಲ್ಲಾಗಿದ್ದರೆ ನೋಡಿಯೇ ನೋಡುತ್ತಿದ್ದ.

ದುರುಗಣ್ಣ ಹಾಗೆಯೇ ನಡೆದುಕೊಂಡ. ಬೆಳಿಗ್ಗೆ ಒಲೆ ಹಚ್ಚುವ ಮೊದಲೇ ಸ್ವಿಚ್ಚನ್ನು ಆಟೋಗೆ ಹಾಕಿ, ಸಾವ್ಕಾರ ಬಂದು ಹೋಗುವವರೆಗೆ ಹಾಗೇ ಬಿಡುತ್ತಿದ್ದ, ಆಮೇಲೆ ಕೈ. ಸುಗ್ಗಿಯ ನಡುವೆ ಒಂದು ದಿನ ಬುತ್ತಿ ಉಣ್ಣುವಾಗ ಅವನೇ ಹೇಳಿದ: "ಬೆಳಿಗ್ಗೆ ನಿನ್ನ ಡಬ್ಬಿ ಒಣಗಿಸಿದ ಭತ್ತ ಕಚ್ಚಿ ನೋಡ್ದೆ ಮೌಲಾ. ನನ್ನ ಕೈಯಾಗಿನ ಹದಾನೇ ಐತೆ. ಇನ್ ಮೇಲೆ ಅದರ ಕೈಗೇ ಬಿಡ್ತೀನಿ ಬಿಡು. ನಂಗೂ ಮಂಡಿ ಬಿದ್ದೋಗ್ಯಾವೆ." ಮೌಲಾಸಾಬ್ ಹೂಂ ಎಂದನಷ್ಟೇ.

ಮಾರನೆಯ ದಿನ ಮಧ್ಯಾಹ್ನ, ಕೊನೆಯ ಸಲವೆಂದು ಅಷ್ಟು ಹೊತ್ತು ಕೈಯಿಂದಲೇ ನಡೆಸಿದ ದುರುಗಣ್ಣ ಬಾಗಿಲನ್ನು ಕಿರಿದು ಮಾಡಿ, ಕಿಂಡಿ ತೆರೆದು ಭತ್ತ ತೆಗೆದು ಕಚ್ಚಿದ. ಇನ್ನು ನಿನ್ನ ಪಾಳಿ ಎನ್ನುವ ಹಾಗೆ ಪಕ್ಕದ ಸ್ವಿಚ್ಚನ್ನು ಆಟೋಗೆ ತಿರುವಿದ. ಅವನು ಕೈಯಿಂದ ನಡೆಸುವಾಗ ಡಬ್ಬಿ ನಿದ್ದೆ ಮಾಡುತ್ತಿರಲಿಲ್ಲ. ಬಿಸಿ ಸಾಲದು, ತೆರೆ, ಇನ್ನೂ ತೆರೆ ಎಂದು ಒಳಗೇ ಲೆಕ್ಕ ಏರಿಸುತ್ತ ಕೂತಿತ್ತು, ಕೇಳುವವರು ಯಾರೂ ಇರಲಿಲ್ಲ. ವರ್ಷಗಟ್ಟಲೆ ಬಾಯಿ ಮುಚ್ಚಿಕೊಂಡಿದ್ದ ಸೊಸೆ ಒಂದು ದಿನ ಬಾಯಿ ಬಿಟ್ಟ ಹಾಗೆ, ಅಧಿಕಾರ ಸಿಕ್ಕ ಕೂಡಲೇ ಅಷ್ಟನ್ನೂ ಒಟ್ಟಿಗೆ ತೀರಿಸಿಕೊಂಡಿತು. ತಗಡಿನ ಬಾಗಿಲು ಪೂರ್ತಿ ತೆರೆದು, ಒಲೆಯ ಗಾಳಿ ಕಿಡಿಯ ಸಮೇತ ಕಿಂಡಿಯಿಂದ ಹೊರಗೆ ನುಗ್ಗಿತು. ದುರುಗಣ್ಣನ ಮುಖ, ಎದೆ, ಕೈ ಎಲ್ಲ ಸುಟ್ಟವು.

ದಾವಣಗೆರೆಯ ಆಸ್ಪತ್ರೆಗೆ ಸೇರಿಸಿದ ಸಂಜೆಯೇ ಮೌಲಾಸಾಬ್ ಮಿಲ್ಲಿಗೆ ಬಂದು ಬೋರ್ಡು ಬಿಚ್ಚಿದ. ಸ್ವಿಚ್ಚು ಸರಿಯಾಗಿ ಆಟೋದ ಮೇಲೆಯೇ ನಿಂತಿತ್ತು. ಡಬ್ಬಿಯ ಒಳಗಿನ ಲೆಕ್ಕ ತುದಿ ಮುಟ್ಟಿ ಕೂತಿತ್ತು. ನೋಡಿದ ಕೂಡಲೇ ಅವನಿಗೆ ತಿಳಿಯಿತು. ಕೈ ನಡೆಯುವಷ್ಟು ಹೊತ್ತು ಡಬ್ಬಿ ತನ್ನ ಲೆಕ್ಕ ಬಿಟ್ಟು ಕೈಯ ಹಿಂದೆಯೇ ಹೋಗುತ್ತಿರಬೇಕಿತ್ತು. ಹಾಗಿದ್ದರೆ ಸ್ವಿಚ್ಚು ತಿರುವಿದಾಗ ಕೈ ಎಲ್ಲಿ ಬಿಟ್ಟಿತ್ತೋ ಅಲ್ಲಿಂದಲೇ ಹಿಡಿಯುತ್ತಿತ್ತು, ಬಾಗಿಲು ಅಲುಗುತ್ತಲೂ ಇರಲಿಲ್ಲ. ಅದಕ್ಕೆ ಬಾಗಿಲಿನಿಂದ ಡಬ್ಬಿಗೆ ಒಂದು ತಂತಿ ಎಳೆಯಬೇಕಿತ್ತು. ಅವನು ಎಳೆದಿರಲಿಲ್ಲ.

ಮರುದಿನ ಆಸ್ಪತ್ರೆಗೆ ಹೋದಾಗ ದುರುಗಣ್ಣನಿಗೆ ಎಚ್ಚರವಿತ್ತು. ಬಟ್ಟೆ ಸುತ್ತಿದ ಕೈಯನ್ನು ಒಂಚೂರು ಎತ್ತಿ, "ನಾನೇ ತಪ್ಪು ತಿರುವಿದೆ ಕಣೋ. ಈ ಕೈ ಯಾಕೆ ಹಂಗೆ ಮಾಡ್ತೋ" ಎಂದ. ಮೌಲಾಸಾಬ್ ಬಾಯಿ ತೆರೆದ. ಪಕ್ಕದಲ್ಲಿ ಮಹಾಂತೇಶ್ ನಿಂತಿದ್ದ, ಕಾಲ ಹತ್ತಿರ ಉಚ್ಚಂಗೆಮ್ಮ ಕೂತಿದ್ದಳು. "ಅದೆಲ್ಲ ಈಗ ಬ್ಯಾಡ, ಮಲಗು" ಎಂದುಬಿಟ್ಟ. ಗುಣವಾಗಿ ಬರಲಿ, ಹೊಟ್ಟಿನ ಗುಡ್ಡೆಯ ಹತ್ತಿರ ಇಬ್ಬರೇ ಕೂತಾಗ ಹೇಳಿದರಾಯಿತು, ಬೈದರೆ ಬೈಸಿಕೊಂಡರಾಯಿತು ಎಂದುಕೊಂಡ. ಆ ವಾರ ದಾಟುವುದರೊಳಗೆ ದುರುಗಣ್ಣ ಹೋಗಿಬಿಟ್ಟ.

ಜಗಳೂರು ಕಡೆಯ ಆ ಹಳ್ಳಿಯಲ್ಲಿ ಮಣ್ಣು ಮಾಡುವಾಗ ಮೌಲಾಸಾಬ್‌ನೂ ಒಂದು ಹಿಡಿ ಮಣ್ಣು ಹಾಕಿದ. ಅಷ್ಟು ವರ್ಷದ ಅನುಭವಸ್ಥ ಹೀಗಾ ಮಾಡೋದು ಎಂದು ಯಾರೋ ಹಿಂದೆ ಆಡಿಕೊಂಡರು. ಅವನ ಕಿವಿಗೆ ಬಿತ್ತು. ಕೈಯ ಮಣ್ಣು ಕೊಡವಿಕೊಂಡು ಬಸ್ಸಿನ ಕಡೆ ನಡೆದ.

ಹೊನ್ನಾಳಿಗೆ ಬಂದು ತಂತಿ ಎಳೆದ. ಒಲೆ ಹಚ್ಚಿಸಿ, ದುರುಗಣ್ಣ ನಿಲ್ಲುತ್ತಿದ್ದ ಜಾಗದಲ್ಲಿ ತಾನು ನಿಂತು, ಬಹಳ ಹೊತ್ತು ಕೈಯಿಂದ ನಡೆಸಿದ. ಕಿಂಡಿ ತೆರೆದಿಟ್ಟು, ಅದರ ಎದುರಿಂದ ಪಕ್ಕಕ್ಕೆ ಸರಿಯದೆ ಸ್ವಿಚ್ಚು ತಿರುವಿದ. ಬಾಗಿಲು ಅಲುಗಲಿಲ್ಲ. ಅವನಿಗೆ ಅಲ್ಲಿಯೇ ಅಳು ಬಂತು.

ಬೋರ್ಡಿನದೇ ತಪ್ಪು ಎಂದು ಹೇಳಿದಾಗ ಮಹಾಂತೇಶ್ ತಲೆ ತಗ್ಗಿಸಿ ಕೂತ. "ಹೋದ ಜೀವ ಬರಲ್ಲ ಸಾಬ್ರೇ. ಸುಮ್ನೆ ನಿಮ್ಮ ಹೆಸರು ಯಾಕೆ ಕೆಡಿಸ್ಕಂತೀರಿ? ಅವನೇ ಅಂದಿದಾನಲ್ಲ, ತಪ್ಪು ತಿರುವಿದೆ ಅಂತ" ಎಂದ. ಮನೆಯಲ್ಲಿ ಸೈದಾಬೀ ಎಲ್ಲ ಕೇಳಿಸಿಕೊಂಡು ಬುತ್ತಿ ಕಟ್ಟಿದಳು. "ಹೋಗಿ ಆಯಮ್ಮನಿಗೆ ಹೇಳಿ ಬರ್ರಿ. ಹೇಳದೆ ನೀವು ಉಣ್ಣೋದೂ ಇಲ್ಲ, ಮಲಗೋದೂ ಇಲ್ಲ" ಎಂದಳು.

ಉಚ್ಚಂಗೆಮ್ಮ ಅಂಗಳದಲ್ಲಿ ಮೆಕ್ಕೆಜೋಳದ ತೆನೆ ಬಿಡಿಸುತ್ತಿದ್ದಳು. ಬರ್ರಿ ಮೌಲಣ್ಣ ಎಂದು ಚಾಪೆ ಹಾಸಿದಳು. ಅವನು ಕೂರಲಿಲ್ಲ. ನಿಂತೇ ಹೇಳಿದ: "ದುರುಗಣ್ಣ ಸರಿಯಾಗೇ ತಿರುವಿದ್ದ ತಾಯಿ. ತಪ್ಪು ನನ್ನದು. ಒಂದು ತಂತಿ ಎಳೀದೆ ಬಿಟ್ಟಿದ್ದೆ."

ಅವಳ ಕೈ ತೆನೆಯ ಮೇಲೆ ನಿಂತಿತು. "ಈಗ ಎಳೆದೀರಾ?"

"ಎಳೆದೀನಿ."

"ಎಷ್ಟು ದಿನ ಹಿಡೀತು?"

"ದಿನ ಹಿಡೀಲಿಲ್ಲ ತಾಯಿ. ಒಂದು ಮಧ್ಯಾಹ್ನ."

ಅವಳು ಕೈಯಲ್ಲಿದ್ದ ತೆನೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಬೈಯಲಿ, ತೆನೆ ಎತ್ತಿ ಮುಖಕ್ಕೆ ಹೊಡೆಯಲಿ ಎಂದು ಮೌಲಾಸಾಬ್ ಕಾದ.

"ಇದು ಯಾವತ್ತು ಗೊತ್ತಾತು ನಿಮಗೆ?"

ಆಗುತ್ತೆ, ಆಗಲ್ಲ ಎಂದು ಜೀವಮಾನವೆಲ್ಲ ತಡವರಿಸದೆ ಹೇಳಿದವನು ಈಗ ತಡವರಿಸಿದ. "ಆಸ್ಪತ್ರೆಗೆ ಸೇರಿಸಿದ ದಿನಾನೇ."

ಉಚ್ಚಂಗೆಮ್ಮ ತೆನೆಯನ್ನು ಕೆಳಗಿಟ್ಟಳು. "ಅವರು ಕೊನೇವರೆಗೂ ಆ ಕೈ ನೋಡಿಕಂತಾನೇ ಇದ್ದರು ಮೌಲಣ್ಣ. ಮೌಲಾ ಕಟ್ಟಿದ್ದು ತಪ್ಪಾಕೆ ಸಾಧ್ಯ ಇಲ್ಲ, ನನ್ನ ಕೈಯೇ ಕೆಟ್ಟೈತೆ, ಇನ್ನು ನಾನು ಯಾವ ಕೆಲಸಕ್ಕೂ ಬರಾಕಿಲ್ಲ ಅಂತ ಅತ್ತರು. ನಾನೂ ಹೌದು ಅಂತ ಬೈದೆ." ಸೆರಗಿನಿಂದ ಮುಖ ಒರೆಸಿಕೊಂಡಳು. "ನೀವು ಅಲ್ಲೇ ನಿಂತಿದ್ರಿ. ಅವರಿಗೊಂದು ಮಾತು ಹೇಳಬೇಕಿತ್ತು."

ಅವಳು ಒಳಗೆ ಹೋಗಿ ಒಂದು ಚೊಂಬು ನೀರು ತಂದು ಅವನ ಮುಂದೆ ಇಟ್ಟು, ಮತ್ತೆ ತೆನೆ ಬಿಡಿಸಲು ಕೂತಳು.