ಮಾಸ್ತರರ ಪೆಟ್ಟಿಗೆ, ಅಮ್ಮನ ಕಾಲು

ಆಗೆಲ್ಲ ಸಂಗೀತ ಕೇಳಬೇಕೆಂದರೆ ಅದು ಇರುವಲ್ಲಿಗೆ ನಾವೇ ಹೋಗಬೇಕಿತ್ತು. ಹೋಗಿ ಮುಟ್ಟುವಷ್ಟರಲ್ಲಿ ಅರ್ಧ ಜೀವ ಸೋತಿರುತ್ತಿತ್ತು, ಉಳಿದರ್ಧದಲ್ಲಿ ಎಷ್ಟು ಕೇಳಿಸಿತೋ ಅಷ್ಟೇ ನಮ್ಮ ಪಾಲು. ಈಗ ನನ್ನ ಮೊಮ್ಮಗಳು ಮಂಚದ ಮೇಲೆ ಬಿದ್ದುಕೊಂಡೇ ಫೋನಿನಲ್ಲಿ ಯಾವುದೋ ದೇಶದವನ ಪಿಯಾನೋ ಕೇಳುತ್ತಾಳೆ. “ಅಜ್ಜಿ, ಸೋಲೋ ಅಂದ್ರೆ ಇದು, ಒಬ್ರೇ ನುಡಿಸೋದು” ಎಂದು ನನ್ನ ಕಿವಿಗೂ ಇಯರ್‌ಫೋನಿನ ಒಂದು ತುಂಡು ಸಿಕ್ಕಿಸುತ್ತಾಳೆ. ನಾನು ಎದುರು ಕೂತು ಕೇಳಿದ ಸೋಲೋ ಜೀವಮಾನದಲ್ಲಿ ಒಂದೇ. ಅದನ್ನೂ ಪೂರ್ತಿ ಕೇಳಲಿಲ್ಲ.

ಅರವತ್ತರ ದಶಕದ ನಡುವಿನ ವರ್ಷಗಳವು. ಗದ್ದೆ ಕೊಯ್ಲು ಮುಗಿಯುತ್ತಿದ್ದಂತೆ ಸಾಗರಕ್ಕೆ ನಾಟಕದ ಕಂಪನಿ ಬರುತ್ತಿತ್ತು. ನಮ್ಮ ಬಾಡಿಗೆ ಮನೆಯ ಹಿತ್ತಲ ಬೇಲಿಯಾಚೆಗೇ ಅದರ ತಗಡಿನ ಥಿಯೇಟರು. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅಪ್ಪನಿಗೆ ರಾಜ-ರಾಣಿಯರ ಪಾರ್ಟು ಮಾಡುವವರಿಗಿಂತ ರಂಗದ ಮುಂದಿನ ತಗ್ಗಿನಲ್ಲಿ ಕೂತು ಕಾಲು ಹಾರ್ಮೋನಿಯಂ ನುಡಿಸುತ್ತಿದ್ದ ವೆಂಕಪ್ಪ ಮಾಸ್ತರರ ಮೇಲೆ ಪ್ರಾಣ. ಭಜನೆಯವರ ಕೈಪೆಟ್ಟಿಗೆಯಲ್ಲ ಅದು. ಮೇಜಿನಷ್ಟು ಎತ್ತರ, ಎರಡೂ ಕೈಯಲ್ಲಿ ನುಡಿಸಬೇಕು, ಕೆಳಗಿನ ಎರಡು ಹಲಗೆಗಳನ್ನು ಕಾಲಿನಿಂದ ತುಳಿದು ಗಾಳಿ ತುಂಬಬೇಕು. ಅಪ್ಪ, ಪ್ರೈಮರಿ ಶಾಲೆಯ ರಾಮಪ್ಪ ಮೇಷ್ಟ್ರು, ಹೋಟೆಲಿನ ಶೀನಣ್ಣ, ಈ ಮೂವರೂ ಮಾಸ್ತರರ ಹುಚ್ಚು ಹತ್ತಿಸಿಕೊಂಡವರು. ಯಾವ ಹಾಡಿಗೆ ಎಷ್ಟು ಸಲ ಒನ್ಸ್ ಮೋರ್ ಬಿತ್ತು ಎಂಬುದರ ಮೇಲೆ ಶೀನಣ್ಣನ ಹೋಟೆಲಿನಲ್ಲಿ ಬೆಳಿಗ್ಗೆಯಿಡೀ ಜಗಳ ನಡೆಯುತ್ತಿತ್ತು.

ಅಮ್ಮನನ್ನು ಯಾರೂ ಕೇಳುತ್ತಿರಲಿಲ್ಲ. ಅವಳು ಹಿತ್ತಲ ಕಡೆಯ ಕಿಟಕಿಯ ಬಳಿ ಕೂತು ಕೇರಿಯ ಹೆಂಗಸರ ರವಿಕೆ ಹೊಲಿಯುತ್ತಿದ್ದಳು. ಗಂಡಸರೆಲ್ಲ ಕೆಲಸಕ್ಕೆ ಹೋಗಿರುತ್ತಿದ್ದ ಮಧ್ಯಾಹ್ನದ ಹೊತ್ತಿನಲ್ಲಿ ಮಾಸ್ತರರು ಖಾಲಿ ಥಿಯೇಟರಿನಲ್ಲಿ ಅಭ್ಯಾಸ ಮಾಡುತ್ತಿದ್ದರು, ಒಂದೇ ಸಾಲನ್ನು ಹತ್ತು ಸಲ, ಇಪ್ಪತ್ತು ಸಲ. ಅವರು ಓಡಿದರೆ ಅಮ್ಮನ ಮಷಿನ್ನೂ ಓಡುತ್ತಿತ್ತು. ಅವರು ನಿಂತರೆ ಅವಳೂ ನಿಲ್ಲಿಸಿ, ದಾರ ಕಡಿದು, ಕಾಯುತ್ತಿದ್ದಳು. ಹೊಲಿಗೆ ಮಷಿನ್ನು ನಡೆಯುವುದೇ ಹಾಗೆ ಎಂದು ನಾನು ತಿಳಿದಿದ್ದೆ.

ಒಂದು ವರ್ಷ ಕಂಪನಿ ಬರಲಿಲ್ಲ. ಮುಳುಗಿತು ಎಂದರು. ಮಾಸ್ತರರು ತೀರ್ಥಹಳ್ಳಿಯಲ್ಲಿ ಮಗಳ ಮನೆ ಸೇರಿದ್ದಾರೆಂಬ ಸುದ್ದಿ ಹಿಡಿದು ಮೂವರೂ ಸೇರಿ ಕಾರ್ಡು ಬರೆದರು: ನಾಟಕದ ಗದ್ದಲವಿಲ್ಲದೆ ನಿಮ್ಮೊಬ್ಬರ ವಾದನ ಒಮ್ಮೆ ಕೇಳಬೇಕು. ‘ಬನ್ನಿ’ ಎಂದು ಒಂದೇ ಪದದ ಉತ್ತರ ಬಂತು. ತೀರ್ಥಹಳ್ಳಿಯಲ್ಲೇ ದೊಡ್ಡಮ್ಮನ ಮನೆ ಇದ್ದದ್ದರಿಂದ ಅಮ್ಮನನ್ನೂ ನನ್ನನ್ನೂ ಅಲ್ಲಿ ಬಿಟ್ಟು ಗಂಡಸರು ಮಾಸ್ತರರ ಕಛೇರಿಗೆ ಹೋಗುವುದೆಂದು ತೀರ್ಮಾನವಾಯಿತು.

ಫಾಲ್ಗುಣದ ಒಂದು ಭಾನುವಾರ. ನನಗಾಗ ಒಂಬತ್ತು ವರ್ಷ. ಅಮ್ಮ ಬೆಳಕು ಹರಿಯುವ ಮೊದಲೇ ಎದ್ದು, ನೀರು ಸೇದಿ, ಎಲ್ಲರಿಗೂ ಚಿತ್ರಾನ್ನ ಕಲಸಿ ಬಾಳೆಲೆಯಲ್ಲಿ ಕಟ್ಟಿದ್ದಳು. ಬಸ್ಸಿನಲ್ಲಿ ಡೀಸೆಲ್ಲು, ಬೀಡಿ, ಯಾರದೋ ಬುಟ್ಟಿಯ ಒಣಮೀನು ಎಲ್ಲ ಸೇರಿದ ವಾಸನೆ. ಕೈಯಲ್ಲಿ ನಿಂಬೆಹಣ್ಣು ಹಿಡಿದು ಮೂಸುತ್ತಿದ್ದರೂ ಹೊಸನಗರ ಬರುವಷ್ಟರಲ್ಲಿ ಎರಡು ಸಲ ವಾಂತಿ ಮಾಡಿದೆ. ಅಲ್ಲಿ ಇನ್ನೊಂದು ಬಸ್ಸಿಗೆ ಎರಡು ಗಂಟೆ ಕಾಯಬೇಕಿತ್ತು. ಗಂಡಸರು ಮರದ ಬುಡದಲ್ಲಿ ಚಿತ್ರಾನ್ನ ತಿನ್ನುತ್ತ ಮಾಸ್ತರರು ಮೊದಲು ಏನು ನುಡಿಸಬಹುದೆಂದು ವಾದ ಮಾಡಿದರು. ನಾನು ಐದು ಕಲ್ಲು ಆರಿಸಿ ಒಬ್ಬಳೇ ಕಲ್ಲಾಟ ಆಡಿದೆ. ಎರಡನೆಯ ಬಸ್ಸಿನಲ್ಲಿ ಸಿಕ್ಕ ಒಂದು ಸೀಟಿನಲ್ಲಿ ನನ್ನನ್ನು ಕೂರಿಸಿ ಅಮ್ಮ ತೀರ್ಥಹಳ್ಳಿಯವರೆಗೆ ನಿಂತೇ ಬಂದಳು. ಇಳಿದಾಗ ಎಲ್ಲರ ತಲೆಗೂದಲೂ ಕೆಂಪು ಧೂಳಿನಲ್ಲಿ ಒಂದೇ ಬಣ್ಣ.

ದೊಡ್ಡಮ್ಮನ ಮನೆಗೆ ಬೀಗ.

“ಆಗುಂಬೆಗೆ ಮದ್ವೆಗೆ ಹೋಗಿದಾರೆ, ಬರದು ನಾಳೇನೇ” ಎಂದರು ಪಕ್ಕದ ಮನೆಯವರು.

ಅಪ್ಪನ ಮುಖ ಸಣ್ಣಗಾಯಿತು. “ಎಂತ ಮಾಡದು ಈಗ?”

“ನಾವೂ ಬರ್ತೀವಿ. ಒಂದು ಮೂಲೇಲಿ ಕೂತ್ಕಂತೀವಿ” ಎಂದಳು ಅಮ್ಮ.

ಮಾಸ್ತರರ ಕೋಣೆ ಹೊಳೆಯ ಕಡೆಗಿತ್ತು, ಏಳೆಂಟು ಜನ ಹಿಡಿಸುವಷ್ಟು. ನೋವಿಗೆ ಕಟ್ಟಲೆಂದು ಬೇಯಿಸಿದ ಲಕ್ಕಿ ಸೊಪ್ಪಿನ ಘಾಟು, ಬೆಲ್ಲದ ಕಾಫಿಯ ವಾಸನೆ. ಥಿಯೇಟರಿನಲ್ಲಿ ಜರಿ ರುಮಾಲು ಸುತ್ತಿ ಕೂರುತ್ತಿದ್ದವರು ಇಲ್ಲಿ ಬನಿಯನ್ನಿನಲ್ಲಿದ್ದರು. ಬಲಗಾಲು ಮಂಡಿಯಿಂದ ಕೆಳಗೆ ಬಾಳೆಯ ದಿಂಡಿನಂತೆ ಬಾತಿತ್ತು. ಆದರೂ ಪೆಟ್ಟಿಗೆಯ ಮೇಲಿನ ಬಟ್ಟೆ ಸರಿಸಿ, ಬೆಂಚಿನ ಮೇಲೆ ಕೂತು, ತುಳಿಯತೊಡಗಿದರು. ಎರಡು ಸಾಲು ಬಂತು. ಮೂರನೆಯದಕ್ಕೆ ಸ್ವರ ನರಳಿ ನಿಂತುಹೋಯಿತು.

“ಕಾಲಿನ ವಿಷ್ಯ ಕಾಗದದಲ್ಲಿ ಬರೀಲಿಲ್ಲ, ಬರೆದಿದ್ರೆ ನೀವು ಬರ್ತಿರ್ಲಿಲ್ಲ” ಎಂದರು ಮಾಸ್ತರರು. “ಪೆಟ್ಟಿಗೆ ಮಾರಾಯ್ತು, ಬರೋ ವಾರ ಶಿವಮೊಗ್ಗದ ಇನ್ನೊಂದು ಕಂಪನಿಯೋರು ಬಂದು ತಗೊಂಡು ಹೋಗ್ತಾರೆ. ಅಷ್ಟರೊಳಗೆ ಒಂದ್ಸಲ, ಕೇಳೋರ ಮುಂದೆ ನುಡಿಸ್ಬೇಕು ಅಂತ ಆಸೆ ಇತ್ತು.”

“ನಾವು ತುಳೀತೀವಿ ಮಾಸ್ಟ್ರೆ, ನೀವು ಕೈ ಆಡ್ಸಿ ಸಾಕು” ಎಂದು ಶೀನಣ್ಣ ಎದ್ದ. ಅವನು ಮಣ್ಣು ತುಳಿದಂತೆ ತುಳಿದ. ಪೆಟ್ಟಿಗೆ ಕಿರುಚಿಕೊಂಡಿತು. ರಾಮಪ್ಪ ಮೇಷ್ಟ್ರು ಡ್ರಿಲ್ ಮಾಡಿಸುವಂತೆ ಒಂದು-ಎರಡು ಎಣಿಸಿಕೊಂಡು ತುಳಿದರು. ಅಪ್ಪನೋ, ದೇವರ ಪೀಠಕ್ಕೆ ಕಾಲು ತಾಗಿಸಿದವರಂತೆ ಹೆದರಿ ಹೆದರಿ ತುಳಿದದ್ದಕ್ಕೆ ಗಾಳಿಯೇ ಹೋಗಲಿಲ್ಲ. ಮಾಸ್ತರರು ಪಂಚೆಯ ತುದಿಯಿಂದ ಮುಖ ಒರೆಸಿಕೊಂಡರು. “ಬಿಡಿ, ಆಗ್ಲಿಲ್ಲ ಅಂದ್ರೆ ಆಗ್ಲಿಲ್ಲ. ಕಾಫಿ ಕುಡ್ದು ಹೊರಡಿ.”

ಮೂಲೆಯಿಂದ ಅಮ್ಮ ಕೇಳಿದಳು: “ನಾನು ನೋಡ್ಲಾ?”

ಸಂಸಾರಸ್ಥೆಯೊಬ್ಬಳು ನಾಟಕದವರ ಜೊತೆ ಒಂದೇ ಬೆಂಚಿನಲ್ಲಿ ಕೂರುವುದೆಂದರೆ ಸಾಗರದಲ್ಲಿ ಒಂದು ತಿಂಗಳಿಗೆ ಆಗುವಷ್ಟು ಮಾತು. ಎಲ್ಲರೂ ಅಪ್ಪನ ಮುಖ ನೋಡಿದರು. ಅಪ್ಪ ಪೆಟ್ಟಿಗೆಯನ್ನೇ ನೋಡುತ್ತಿದ್ದರು. ಕೊನೆಗೆ “ನೋಡು” ಎಂದರು. ಮಾಸ್ತರರ ಮಗಳು ಒಳಗಿನಿಂದ ಒಂದು ಲೋಡುದಿಂಬು ತಂದು ಬೆಂಚಿನ ನಡುವೆ ಇಟ್ಟಳು. ಅದರ ಆಚೆಗೆ ಮಾಸ್ತರರು, ಈಚೆಗೆ ಅಮ್ಮ.

ಹಲಗೆ ಅಮುಕಿದೊಡನೆ ಅವಳ ಕಾಲುಂಗುರ ಟಿಕ್ ಎಂದಿತು. ಮನೆಯ ಮಷಿನ್ನಿನಲ್ಲೂ ಅದೇ ಸದ್ದು.

“ಮಷಿನ್ ತುಳಿತೀರೇನಮ್ಮ?” ಎಂದರು ಮಾಸ್ತರರು. “ಇದಕ್ಕೆ ಓಟ ಅಲ್ಲ, ಉಸಿರು ಬೇಕು.”

“ಗೊತ್ತು” ಎಂದಳು ಅಮ್ಮ, ತಲೆ ಎತ್ತದೆ. “ತಾಯಿ ಮಗನ್ನ ಯುದ್ಧಕ್ಕೆ ಕಳ್ಸೋ ಹಾಡಲ್ಲಿ, ಮೂರ್ನೇ ಸಾಲಿಗೆ ನೀವು ಒಂಚೂರು ನಿಲ್ತಿದ್ರಿ. ನಮ್ಮನೆ ಕಿಟಕಿಗೆ ಕೇಳ್ತಿತ್ತು. ಅಲ್ಲಿ ನಾನೂ ನಿಲ್ತಿದ್ದೆ.”

ಮಾಸ್ತರರು ಅವಳ ಕಡೆ ತಿರುಗಿ ನೋಡಿದರು. ಆಮೇಲೆ ಆ ಹಾಡನ್ನೇ ಎತ್ತಿಕೊಂಡರು.

ಮೂರನೆಯ ಸಾಲಿಗೆ ಇಬ್ಬರೂ ಒಟ್ಟಿಗೆ ನಿಂತರು, ಒಟ್ಟಿಗೆ ಹೊರಟರು. ರಾಮಪ್ಪ ಮೇಷ್ಟ್ರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಅಪ್ಪನ ಗಂಟಲಿನಿಂದ “ಒನ್ಸ್ ಮೋರ್!” ಹೊರಟಿತು, ಥಿಯೇಟರಿನಲ್ಲಿ ಕೂಗಿದಷ್ಟೇ ಜೋರಾಗಿ. ಕಂಪನಿಯಲ್ಲಿ ಬೆಳೆದ ಮಾಸ್ತರರು ಒನ್ಸ್ ಮೋರ್ ಅಂದವರಿಗೆ ಇಲ್ಲ ಎಂದವರಲ್ಲ. ಮತ್ತೆ ನುಡಿಸಿದರು. ಅಪ್ಪ ಮತ್ತೆ ಕೂಗಿದರು. ಭೈರವಿ ರಾಗಕ್ಕೆ ಮೂರು ಸಲ, ಕಾಪಿ ರಾಗಕ್ಕೆ ನಾಲ್ಕು ಸಲ. ಗೋಡೆಗೊರಗಿ ಕೂತ ನನಗೆ ಕಾಣುತ್ತಿದ್ದದ್ದು ಅಮ್ಮನ ಪಾದ ಮಾತ್ರ. ಅದರ ಮೇಲಿನ ಕೆಂಪು ಧೂಳು ಬೆವರಿಗೆ ಕರಗಿ ಹಲಗೆಗೆ ಇಳಿಯುತ್ತಿತ್ತು. ಅಪ್ಪ ಒಂದೊಂದು ಸಲ ಕೂಗಿದಾಗಲೂ ಆ ಪಾದ ಒಂದು ಕ್ಷಣ ತಡೆದು ಮತ್ತೆ ಏಳುತ್ತಿತ್ತು. ನನಗೆ ಅಪ್ಪನ ಮೇಲೆ ಸಿಟ್ಟು ಬಂತು. ಹಸಿವಾಗಿತ್ತು, ತಲೆ ಸಿಡಿಯುತ್ತಿತ್ತು, ಈ ಸಂಗೀತ ಒಮ್ಮೆ ಮುಗಿದರೆ ಸಾಕಿತ್ತು. ಹಾಗೆ ಅಂದುಕೊಳ್ಳುತ್ತಲೇ ನಿದ್ದೆ ಹೋದೆ.

ಎಚ್ಚರವಾದಾಗ ಕೋಣೆ ಸದ್ದಿಲ್ಲದೆ ಇತ್ತು. ಬಿಸಿಲು ಇಳಿದಿತ್ತು. ಮಾಸ್ತರರು ಕೇಳುತ್ತಿದ್ದರು: “ನಿಮ್ಮ ಹೆಸರೇನಮ್ಮ?”

“ನಮ್ಮನೆಯವಳು” ಎಂದರು ಅಪ್ಪ.

“ಅದು ಗೊತ್ತಾಯ್ತು ಸ್ವಾಮಿ. ಹೆಸ್ರು?”

“ಕಾವೇರಿ” ಎಂದಳು ಅಮ್ಮ.

ಕಂಪನಿಯಲ್ಲಿ ಆಟ ಮುಗಿದ ಮೇಲೆ ದುಡಿದ ಎಲ್ಲರ ಹೆಸರನ್ನೂ ಕೂಗಿ ಹೇಳುವ ರೂಢಿಯಿತ್ತು, ಪರದೆ ಎಳೆಯುವವನದ್ದೂ ಸೇರಿ. ಮಾಸ್ತರರು ಏಳಲು ನೋಡಿದರು, ಆಗಲಿಲ್ಲ. ಕೂತಲ್ಲಿಂದಲೇ, ಸಾವಿರ ಜನ ಎದುರಿಗಿದ್ದಾರೆ ಎಂಬಂತೆ ದನಿ ಎತ್ತಿ ಹೇಳಿದರು: “ಹಾರ್ಮೋನಿಯಂ, ಕೈ: ಮಾಸ್ತರ್ ವೆಂಕಪ್ಪ. ಹಾರ್ಮೋನಿಯಂ, ಕಾಲು: ಸಾಗರದ ಶ್ರೀಮತಿ ಕಾವೇರಮ್ಮನವರು!”

ಮೂರು ಜನ ಗಂಡಸರು, ಮಾಸ್ತರರ ಮಗಳು, ಕಣ್ಣುಜ್ಜಿಕೊಳ್ಳುತ್ತ ನಾನು, ಐದು ಜನ ಚಪ್ಪಾಳೆ ತಟ್ಟಿದೆವು. ಮನೆಯಲ್ಲಿ ಅವಳು ‘ಏ’, ‘ಇವಳೇ’, ಇಲ್ಲವೇ ನನ್ನ ಹೆಸರು ಸೇರಿಸಿ ‘ಶಾಂತಿ ಅಮ್ಮ’. ಅವಳನ್ನು ಹೆಸರು ಹಿಡಿದು ಯಾರಾದರೂ ಕರೆದದ್ದನ್ನು ನಾನು ಅದೇ ಮೊದಲು ಕೇಳಿದ್ದು. ಅಮ್ಮ ಸೆರಗಿನಿಂದ ಹಣೆ ಒತ್ತಿಕೊಂಡು, ಬೆಂಚು ಹಿಡಿದು ನಿಧಾನವಾಗಿ ಎದ್ದಳು.

ಹಿಂದಿರುಗುವ ಬಸ್ಸಿನಲ್ಲಿ ಹೊಸನಗರದವರೆಗೆ ಅಪ್ಪ ತುಟಿ ಬಿಚ್ಚಲಿಲ್ಲ. ಕೋಪವೇನೋ ಎಂದು ನನಗೆ ಭಯ. ಅದು ಕೋಪವಲ್ಲ, ಹೊಟ್ಟೆಕಿಚ್ಚು ಎಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಮಾಸ್ತರರ ಹಿಂದೆ ಅಷ್ಟು ವರ್ಷ ಅಲೆದವರು ಅವರು, ಪಕ್ಕದಲ್ಲಿ ಕೂತವಳು ಇವಳು.

“ಹೆಂಗಿತ್ತು, ಅಷ್ಟು ಹತ್ರ ಕೂತು ಕೇಳದು?” ಎಂದರು ಕೊನೆಗೂ.

“ಕೇಳಿದ್ದು ನೀವು. ನಾನು ತುಳಿದೆ” ಎಂದಳು ಅಮ್ಮ. “ಸುಸ್ತಾಗಿದೆ, ಸುಮ್ನಿರಿ.”

ಮರುದಿನ ಅವಳ ಎರಡೂ ಕಾಲು ಊದಿದ್ದವು. ಉಪ್ಪು ಹಾಕಿದ ಬಿಸಿನೀರಿನಲ್ಲಿ ಇಳಿಬಿಟ್ಟುಕೊಂಡು ಕೂತಳು. ಮಧ್ಯಾಹ್ನ ಎದ್ದು, ಕೊಡಬೇಕಾಗಿದ್ದ ರವಿಕೆ ಹೊಲಿದು ಮುಗಿಸಿದಳು. ಕಿಟಕಿಯಾಚೆ ಏನೂ ಕೇಳುತ್ತಿರಲಿಲ್ಲ.

ಆ ಪ್ರಯಾಣದ ಕತೆ ಶೀನಣ್ಣನ ಹೋಟೆಲಿನಲ್ಲಿ ವರ್ಷಗಟ್ಟಲೆ ನಡೆಯಿತು. ಮೊದಮೊದಲು “ನಮ್ಮ ಗುಮಾಸ್ತರ ಮನೆಯವ್ರು ಕಾಲು ಕೊಟ್ರು” ಎನ್ನುತ್ತಿದ್ದರು. ಆಮೇಲೆ ಅದು “ಯಾರೋ ಹೆಂಗಸ್ರು” ಆಯಿತು. ನನ್ನ ಮದುವೆಯ ಮಾತಿಗೆ ಗಂಡಿನ ಕಡೆಯವರು ಬಂದು ಊಟಕ್ಕೆ ಕೂತಾಗ ಅಪ್ಪ ಅವರಿಗೂ ಕತೆ ಹೇಳಿದರು: “ಮಾಸ್ಟ್ರು ಆ ಬಾತ ಕಾಲಲ್ಲೇ ಮೂರು ಗಂಟೆ ತುಳಿದ್ರು ಮಾರಾಯ್ರೆ! ಅಂಥವ್ರು ಈಗೆಲ್ಲಿ!” ಸುಳ್ಳು ಹೇಳುವ ಮನುಷ್ಯರಲ್ಲ ಅವರು. ಅವರಿಗೆ ಹಾಗೆಯೇ ನೆನಪಿತ್ತು. ಅಮ್ಮ ಅವರ ಎಲೆಗೆ ಇನ್ನೊಂದು ಸೌಟು ಸಾರು ಬಡಿಸಿ ಮುಂದಿನ ಎಲೆಗೆ ಹೋದಳು. ಬಾಗಿಲ ಬಳಿ ನಿಂತಿದ್ದ ನಾನೂ ಬಾಯಿ ಬಿಡಲಿಲ್ಲ. ಆ ದಿನದ ನಾಚಿಕೆ ಇನ್ನೂ ಹೋಗಿಲ್ಲ.

“ಯಾಕಮ್ಮ ಸುಮ್ನಿದ್ದೆ?” ಎಂದು ಆಮೇಲೆ ಕೇಳಿದೆ.

“ಯಾರ್ಯಾರ್ನ ತಿದ್ದಕ್ಕಾಗತ್ತೆ ಹೇಳು” ಎಂದಳು. ಅವಳ ದನಿಯಲ್ಲಿ ಬೇಸರ ಕೂಡ ಇರಲಿಲ್ಲ, ದಣಿವಷ್ಟೇ ಇತ್ತು.

ಈಗ ಮಾಸ್ತರರಿಲ್ಲ. ಶೀನಣ್ಣ, ಮೇಷ್ಟ್ರು, ಅಪ್ಪ, ಅವರ ಹಿಂದೆ ಅಮ್ಮ, ಎಲ್ಲರೂ ಹೋದರು. ಥಿಯೇಟರಿನ ಜಾಗದಲ್ಲಿ ಅಂಗಡಿಸಾಲು ಎದ್ದಿದೆ. ಈ ಕತೆ ಕೇಳಿದ ಮೊಮ್ಮಗಳು ಕಿವಿಯ ತುಂಡು ಕಿತ್ತು ಎದ್ದು ಕೂತಳು. “ಅದ್ರ ರೆಕಾರ್ಡಿಂಗ್ ಇದ್ಯಾ ಅಜ್ಜಿ?”

ಎಲ್ಲಿಂದ ತರಲಿ? ಉಳಿದಿರುವ ಸಾಕ್ಷಿ ನಾನೊಬ್ಬಳು, ನಾನೂ ಅರ್ಧ ಕಛೇರಿಗೆ ನಿದ್ದೆ ಹೋದವಳು. ಅವಳು ತುಳಿದದ್ದರಲ್ಲಿ ಎಷ್ಟು ನನ್ನ ಕಿವಿಗೆ ಬೀಳದೆ ಹೋಯಿತೋ ಲೆಕ್ಕವಿಲ್ಲ. ಆದರೆ ಕೊನೆಯದನ್ನು ಎಚ್ಚರವಿದ್ದು ಕೇಳಿದ್ದೇನೆ, ತಪ್ಪಿಲ್ಲದೆ ಹೇಳಬಲ್ಲೆ. ಹಾರ್ಮೋನಿಯಂ, ಕಾಲು: ಸಾಗರದ ಶ್ರೀಮತಿ ಕಾವೇರಮ್ಮನವರು.