ಗಾಡಿಗೆ ಕಟ್ಟಿದ ಧೋತರ

ನಾಗನೂರಿನಲ್ಲಿ ಶಿವವ್ವನ ಮನೆ ಯಾವುದೆಂದು ಕೇಳಿದರೆ ಯಾರೂ ಓಣಿಯ ಗುರುತು ಹೇಳುವುದಿಲ್ಲ. ಲಾರಿ ನಿಂತಿರುತ್ತದಲ್ಲ, ಅದೇ ಎನ್ನುತ್ತಾರೆ. ಮನೆ ಸಣ್ಣದು, ಅಂಗಳ ದೊಡ್ಡದು. ಆ ಹಳೆಯ ಲಾರಿ ಅಂಗಳಕ್ಕೆ ಬಂದು ನಿಂತಿತೆಂದರೆ ಬಾಗಿಲಿಗೆ ಬಿಸಿಲು ಬೀಳುವುದಿಲ್ಲ. ಗಂಡ ಮುರಿಗೆಪ್ಪ ಅದನ್ನು ಕೊಂಡು ತಂದ ದಿನ ಶಿವವ್ವ ಮೂಗಿನ ಮೇಲೆ ಬೆರಳಿಟ್ಟುಕೊಂಡು, "ಏನ್ ತಂದೀರಿ ಇದನ್ನ? ಮನಿಗಿಂತ ಗಾಡಿನ ಎತ್ತರ ಆತಲ್ರಿ" ಎಂದಿದ್ದಳು. ಅವನು, "ಹಂಗಾದ್ರ ಮನಿ ಬಾಡಿಗಿ ಕೊಟ್ಟು ಗಾಡ್ಯಾಗ ಇರೂಣು ಬಾ" ಎಂದು ನಕ್ಕಿದ್ದ.

ಮುರಿಗೆಪ್ಪ ಮೂಡಲಗಿ ಸುತ್ತಲಿನ ಗಾಣಗಳಲ್ಲಿ ಬೆಲ್ಲ ಹೇರಿಕೊಂಡು ಗೋಕಾಕ, ಹುಕ್ಕೇರಿ ದಾಟಿ ಸಂಕೇಶ್ವರದ ಪೇಟೆಗೆ ಮುಟ್ಟಿಸುತ್ತಿದ್ದ. ಮಕ್ಕಳಾಗಲಿಲ್ಲ. ಆ ಮಾತನ್ನು ಗಂಡಹೆಂಡತಿ ಒಂದು ವಯಸ್ಸಿನ ತನಕ ಆಡಿದರು, ಆಮೇಲೆ ಬಿಟ್ಟುಬಿಟ್ಟರು. ಕೊನೆಕೊನೆಗೆ ಅವನಿಗೆ ದಮ್ಮು ಹತ್ತಿತು. ದಾರಿಯ ಧೂಳು, ಗಾಣದ ಹೊಗೆ, ಎರಡೂ ಎದೆಯಲ್ಲಿ ಮನೆ ಮಾಡಿಕೊಂಡು ಕೂತವು. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿರಿ ಎಂದು ಅವಳು ದಿನಾ ಬೇಡಿಕೊಳ್ಳುವಳು. "ಅರಿವಿ ಕಟ್ಕೊಂಡ್ರ ಉಸರು ಹೆಂಗ ಆಡಲಿ ನಾ?" ಎಂದು ಅವನು ಬಟ್ಟೆ ತೆಗೆದು ಎಸೆಯುವನು. ಒಂದು ಸುಗ್ಗಿಯಲ್ಲಿ ಹಾಸಿಗೆ ಹಿಡಿದವನು ಮತ್ತೆ ಏಳಲಿಲ್ಲ.

ಗಾಡಿಯನ್ನು ಮಾಳು ನಡೆಸಿದ. ಅವನು ಮುರಿಗೆಪ್ಪನ ಕೈಕೆಳಗೇ ಸ್ಟಿಯರಿಂಗ್ ಹಿಡಿಯಲು ಕಲಿತವನು. ಈಗ ಅವನ ಮೀಸೆಯೂ ನೆರೆತಿದೆ, ಮನೆಯಲ್ಲಿ ಲಗ್ನಕ್ಕೆ ಬಂದ ಇಬ್ಬರು ಹೆಣ್ಣುಮಕ್ಕಳಿದ್ದಾರೆ. ಮುಂಜಾನೆ ಬಂದು ಗಾಲಿಗಳನ್ನು ಬಡಿದು ನೋಡಿ, ನೀರು ಹಾಕಿ, "ಅವ್ವಾರ, ಚಾ ಆತೇನ್ರಿ?" ಎಂದು ಕೂಗುವನು. ಶಿವವ್ವ ದಿನದಲ್ಲಿ ಕೇಳುವ ಮೊದಲ ಮಾತು ಅದು. ಎಷ್ಟೋ ದಿನ ಕೊನೆಯದೂ ಅದೇ. ಗಾಡಿ ಇತ್ತೆಂದು ಬಾಡಿಗೆ ಕೇಳುವವರು ಬರುತ್ತಿದ್ದರು, ಬೆಲ್ಲಕ್ಕೆ ಹೊದಿಸುವ ತಾಡಪತ್ರಿ ಹೊಲಿಯುವವನು ಬರುತ್ತಿದ್ದ. ಗಾಡಿಯ ನೆರಳಿಗೆ ಓಣಿಯ ಹೆಂಗಸರು ಶೇಂಗಾ ಸುಲಿಯಲು ಕೂಡುತ್ತಿದ್ದರು. ಗಾಡಿ ಇಲ್ಲದ ಮನೆಗೆ, ಮಕ್ಕಳಿಲ್ಲದ ಮುದುಕಿಯ ಹತ್ತಿರ, ಯಾರು ಏಕೆ ಬಂದಾರು? ಶಿವವ್ವ ಇದನ್ನು ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ. ಆದರೆ ಅವಳಿಗೆ ಗೊತ್ತಿತ್ತು.

ಗಾಡಿಯ ಕ್ಯಾಬಿನ್ನಿನ ಹಿಂದೆ, ಎತ್ತರಕ್ಕೆ, ಒಂದು ಕಬ್ಬಿಣದ ಕೊಳವೆ. ಇಂಜಿನ್ನು ಗಾಳಿ ಎಳೆದುಕೊಳ್ಳುವುದು ಅದರಿಂದ. "ಇದು ಗಾಡಿ ಮೂಗು" ಎಂದು ಮುರಿಗೆಪ್ಪ ಒಮ್ಮೆ ತೋರಿಸಿದ್ದ. ಅವನು ತೀರಿಕೊಂಡ ವರ್ಷ ಮಾಳು ಒಳಗಿನ ಗಾಳಿ ಸೋಸುವ ಜಾಳಿಗೆ ತೆಗೆದು ನೆಲಕ್ಕೆ ಬಡಿದಾಗ ಹಿಡಿಗಟ್ಟಲೆ ಕರಿ ಧೂಳು ಉದುರಿತು. ಅದನ್ನು ಕಂಡು ಶಿವವ್ವ ಬಗ್ಗಿ ಬೆರಳಿಗೆ ಹಚ್ಚಿಕೊಂಡು ನೋಡಿದಳು. ಇದಕ್ಕೂ ಅವರ ಬೇನೆಯೇ ಬಂತಲ್ಲ ಎಂದುಕೊಂಡಳು. ಪೆಟ್ಟಿಗೆಯಿಂದ ಗಂಡನ ಧೋತರ ತೆಗೆದು, ಹರಿದು, ಗಾಡಿ ಹತ್ತಿ ಕೊಳವೆಯ ಬಾಯಿಗೆ ಬಿಗಿಯಾಗಿ ಕಟ್ಟಿದಳು. ಅದು ಹೊಲಸಾದಾಗ ಬಿಚ್ಚಿ ಎಸೆಯಲು ಕೈ ಬರಲಿಲ್ಲ. ಅದರ ಮೇಲೆಯೇ ಇನ್ನೊಂದು ಕಟ್ಟಿದಳು. ಹಾಗೆ ವರ್ಷಕ್ಕೊಂದು.

ಮೊದಲ ವರ್ಷದ ನವರಾತ್ರಿಯ ಖಂಡೆಪೂಜೆಗೆ ನೆರೆಮನೆಯ ಅಲ್ಲವ್ವ ಬಂದು ಗಾಡಿಗೆ ಅರಿಷಿಣ ಕುಂಕುಮ ಹಚ್ಚಿಕೊಟ್ಟಳು. ಅಲ್ಲವ್ವನದು ದೊಡ್ಡ ಕೈ. ಗಾಡಿಯ ಹಣೆಗೆ ಹಚ್ಚಿ ಉಳಿದ ಅರಿಷಿಣವನ್ನೆಲ್ಲ ಮೇಲಕ್ಕೆ ತೂರಿದಳು. ಕೊಳವೆಯ ಬಟ್ಟೆ ಹಳದಿಯಾಯಿತು. ಮಾಳು ಮಾಳಿಂಗರಾಯ ದೇವರ ಒಕ್ಕಲು. ಅವನ ಮಂದಿಯಲ್ಲಿ ಹಳದಿ ಬಟ್ಟೆ ಕಟ್ಟಿದ್ದನ್ನು ಕಟ್ಟಿದವರೇ ಬಿಚ್ಚಬೇಕು, ಬೇರೆಯವರು ಮುಟ್ಟುವ ಹಾಗಿಲ್ಲ. ಅವ್ವ ಯಾವುದೋ ದೇವರಿಗೆ ಹರಕೆ ಹೊತ್ತಿದ್ದಾಳೆ ಎಂದುಕೊಂಡ. ಗಂಡ ಸತ್ತ ಹೆಂಗಸಿನ ಹರಕೆ, ಕೇಳುವುದು ಸರಿಯಲ್ಲ ಎಂದು ಸುಮ್ಮನಾದ. ಮಾಳು ದಿನಾ ನೋಡುತ್ತಾನೆ, ತಪ್ಪಿದ್ದರೆ ಹೇಳುತ್ತಾನೆ ಎಂದು ಶಿವವ್ವ ಸುಮ್ಮನಿದ್ದಳು. ಮುಂದಿನ ಪೂಜೆಗಳಿಗೂ ಅಲ್ಲವ್ವನೇ ಬಂದಳು, ಅರಿಷಿಣವೂ ಅಷ್ಟೇ ಬಿತ್ತು.

ಗಾಡಿಯ ಶಕ್ತಿ ಒಮ್ಮೆಲೇ ಹೋಗಲಿಲ್ಲ. ಮೊದಲು ಏರಿನಲ್ಲಿ ಗೇರು ಇಳಿಸಬೇಕಾಯಿತು, ಆಮೇಲೆ ಇನ್ನೊಂದು. ಹೊಗೆ ಕರ್ರಗೆ ಬರತೊಡಗಿತು. ಈ ಸುಗ್ಗಿಗೆ ಗೋಕಾಕ ದಾಟಿ ಫಾಲ್ಸ್ ಕಡೆಗೆ ಏರುವ ದಾರಿಯಲ್ಲಿ ಟ್ರ್ಯಾಕ್ಟರಿನವರೂ ಮಾಳುವನ್ನು ಹಿಂದೆ ಹಾಕಿ, "ಏನೋ ಮಾಳ್ಯಾ, ಎತ್ತು ಹೂಡ್ಲೇನು?" ಎಂದು ಕೂಗಿ ಹೋಗುತ್ತಿದ್ದರು. ಸಂಕೇಶ್ವರದ ಬೆಲ್ಲದ ವ್ಯಾಪಾರಿ ಬಸವಲಿಂಗ, "ಹರಾಜಿನ ಸವಾಲ ಮುಗದ ಮ್ಯಾಲ ನಿಮ್ಮ ಗಾಡಿ ಬರತೈತಿ. ಉಳಿದ ಬೆಲ್ಲ ನಾ ಇರಿವಿಗೆ ಮಾರ್ಲೇನು?" ಎಂದು ಎರಡು ಸಲ ಅಂದ. ಮೂರನೆಯ ಸಲ ಬೇರೆ ಗಾಡಿಗೆ ಹೇಳಿದ.

ಕೈಯಲ್ಲಿ ದುಡ್ಡಿರಲಿಲ್ಲ, ಆದರೂ ಮಾಳು ಕೈಕಟ್ಟಿ ಕೂಡಲಿಲ್ಲ. ಕ್ಯಾಬಿನ್ನಿನ ನೆತ್ತಿಯ ಮೇಲೆ ಮುರಿಗೆಪ್ಪ ಶೋಕಿಗೆ ಹಾಕಿಸಿದ್ದ ಕಬ್ಬಿಣದ ಚೌಕಟ್ಟು ಬಿಚ್ಚಿಳಿಸಿದ. ಅಷ್ಟಾದರೂ ಭಾರ ಕಡಿಮೆಯಾಗಲಿ ಎಂದು. ಗಾಲಿಗೆ ಅಂಟಿಕೊಂಡೇ ತಿರುಗುತ್ತಿದ್ದ ಬ್ರೇಕುಗಳನ್ನು ಸಡಿಲು ಮಾಡಿದ, ಟೈರಿಗೆ ಸರಿಯಾಗಿ ಗಾಳಿ ತುಂಬಿಸಿದ, ಡೀಸೆಲ್ ಸೋಸುವ ಜಾಳಿಗೆ ಹೊಸದು ಹಾಕಿದ. ಒಂದೊಂದಕ್ಕೂ ಗಾಡಿ ತುಸು ಹಗುರಾಗುವುದು, ಏರು ಬಂದಾಗ ಮತ್ತೆ ಏದುಸಿರು. ಕೊನೆಗೆ ಹುಕ್ಕೇರಿಯ ಸಿದ್ರಾಮ ಮಿಸ್ತ್ರಿಯ ಹತ್ತಿರ ಒಯ್ದ. ಸಿದ್ರಾಮ ಡೀಸೆಲ್ ಸಿಡಿಸುವ ನಾಝಲುಗಳನ್ನು ತೊಳೆದ, ವಾಲ್ವಿನ ಸಂದು ಸರಿಮಾಡಿದ, ಮತ್ತೆ ಚಾಲೂ ಮಾಡಿ ಹೊಗೆ ನೋಡಿದ. "ಬೆಂಕಿಗೆ ಗಾಳಿ ಸಾಲವಲ್ದು. ಡೀಸೆಲ್ ಅರ್ಧಾ ಸುಟ್ಟು ಕರಿ ಹೊಗಿ ಆಗಿ ಹೊಂಟೈತಿ" ಎಂದು ಮೇಲೆ ಹತ್ತಿ ಕೊಳವೆಗೆ ಕೈ ಹಾಕಿದ.

"ಮಾಮಾ, ಅದು ಅವ್ವಾರ ಹರಕಿ" ಎಂದ ಮಾಳು.

ಸಿದ್ರಾಮ ಕೈ ಹಿಂದೆಗೆದುಕೊಂಡ. ಚಪ್ಪಲಿ ಕೆಳಗೆ ಬಿಟ್ಟು, ಬಟ್ಟೆಗೆ ಹಣೆ ಮುಟ್ಟಿಸಿ ಇಳಿದು ಬಂದ. "ಹಂಗಾದ್ರ ಗಾಳಿದಲ್ಲಪಾ. ಇಂಜಿನ್ನ ಒಳಗ ಸವದೈತಿ. ಪೂರ್ತಿ ಬಿಚ್ಚಬೇಕು."

ಪೂರ್ತಿ ಬಿಚ್ಚುವಷ್ಟು ಹಣ ಆ ಮನೆಯಲ್ಲಿ ಎಲ್ಲಿಂದ ಬರಬೇಕು? ಸಂಕೇಶ್ವರದಿಂದ ಗುಜರಿಯವನು ಬಂದ. ಗಾಡಿಯ ಸುತ್ತ ತಿರುಗಿ, ಹೆಣ ಅಳೆಯುವವನ ಹಾಗೆ ನೋಡಿ, "ಸೋಮಾರ ಒಯ್ತೇನ್ರಿ" ಎಂದ. ಶಿವವ್ವ ಅವನಿಗೆ ಒಂದು ತಂಬಿಗೆ ನೀರು ಕೊಟ್ಟು ಕಳಿಸಿದಳು. ಅವನು ಹೋದ ಮೇಲೆ ಮಾಳುವಿಗೆ, "ಕಡೀ ಖೇಪಿಗೆ ನಾನೂ ಬರತೇನಿ. ಅದು ಏರೂದಿಲ್ಲಂತ ನನ್ನ ಕಣ್ಣೀಲೆ ನೋಡಬೇಕು" ಎಂದಳು.

ಮೊದಲೇ ಒಪ್ಪಿಕೊಂಡಿದ್ದ ಒಂದು ಗಾಣದ ಬೆಲ್ಲ ಹೇರಿಕೊಂಡು ಆ ಕೊನೆಯ ಸುತ್ತಿಗೆ ಹೊರಟರು. ಮುರಿಗೆಪ್ಪ ಹೋದ ಮೇಲೆ ಅವಳು ಕ್ಯಾಬಿನ್ನಿನಲ್ಲಿ ಕೂತದ್ದು ಇದೇ ಮೊದಲು. ಮಾಳು ಏನೇನೋ ಮಾತಾಡುತ್ತಿದ್ದ, ಅವಳು ರಸ್ತೆ ನೋಡುತ್ತಿದ್ದಳು. ಈ ತಿರುವಿನಲ್ಲಿ ಅವರು ಹಾರ್ನ್ ಹೊಡೆಯುತ್ತಿದ್ದರು, ಆ ಹುಣಸೆಮರದ ಕೆಳಗೆ ಬುತ್ತಿ ಬಿಚ್ಚುತ್ತಿದ್ದರು. ಎಲ್ಲವೂ ಅಲ್ಲಲ್ಲೇ ಇತ್ತು. ಗೋಕಾಕ ದಾಟಿ ಏರು ಹತ್ತಿತು. ಗಾಡಿ ನಡುಗಿತು, ಕೆಮ್ಮಿತು, ನಡುದಾರಿಯಲ್ಲಿ ನಿಂತಿತು. ಮಾಳು ಕೆಳಗೆ ಹಾರಿ ಗಾಲಿಗೆ ಕಲ್ಲಿಟ್ಟ. ಹಿಂದಿದ್ದವರು ಹಾರ್ನ್ ಹೊಡೆದು ಬಯ್ಯುತ್ತ ಬಾಜೂ ಹಾದು ಹೋದರು.

ಶಿವವ್ವ ಸೊಂಟ ಹಿಡಿದುಕೊಂಡು ಇಳಿದಳು. ಹಿಂದಕ್ಕೆ ಬಂದು ಕತ್ತೆತ್ತಿ ನೋಡಿದಳು. ಮೊಣಕಾಲು ನೋವಿನಿಂದ ಅವಳು ಗಾಡಿ ಹತ್ತಿ ವರ್ಷದ ಮೇಲಾಗಿತ್ತು. ಕೊಳವೆಯ ಬಾಯಲ್ಲಿ ಕುಂಬಳಕಾಯಿಯಷ್ಟು ದಪ್ಪನೆಯ ಗಂಟು. ಅರಿಷಿಣ, ಎಣ್ಣೆ, ಧೂಳು ಸೇರಿ ಚರ್ಮದ ಹಾಗೆ ಬಿರುಸಾಗಿತ್ತು.

"ಲೇ ಮಾಳು, ಇದನ್ಯಾಕ ಹಿಂಗ ಹೊಲಸ ಬಿಟ್ಟೀ? ನನ್ನ ಕಾಲು ಸುದ್ದ ಇಲ್ಲ. ನೀನರ ಬಿಚ್ಚಿ ತೊಳ್ಯಾಕ ಏನಾಗಿತ್ತು?"

"ಹರಕಿ ಅರಿವಿ ನಾ ಹೆಂಗ ಮುಟ್ಟಲ್ರಿ, ಅವ್ವಾರ?"

"ಯಾರ ಹರಕಿ?"

"ನಿಮ್ದು."

"ಯಾವ ದೇವರಿಗೆ?"

"ಅದನ್ನ ನೀವ ಹೇಳಬೇಕ್ರಿ. ನಾ ಏನ್ ಕೇಳೇನೇನು?"

"ಹುಚ್ಚಪ್ಯಾಲಿ! ಧೂಳ ಹೋಗಬಾರ್ದಂತ ಕಟ್ಟೇನೋ ನಾ!"

ಮಾಳು ದಾರಿಯ ಬದಿಯ ಕಲ್ಲಿನ ಮೇಲೆ ಕುಕ್ಕರಿಸಿದ. "ಮತ್ತ ಅರಿಷಿಣಾ?"

"ಅದು ಅಲ್ಲವ್ವನ ಕೈ. ಆಕಿ ಸಾರಿಗೂ ಹಂಗ ಹಾಕ್ತಾಳ."

"ಅಯ್ಯ ನಮ್ಮವ್ವಾ! ಸಿದ್ರಾಮ ಮಾಮಾ ಚಪ್ಪಲಿ ಬಿಟ್ಟು ಕೈ ಮುಗದಾನ್ರಿ ಇದಕ!" ಎಂದು ಮಾಳು ಹೊಟ್ಟೆ ಹಿಡಿದುಕೊಂಡು ನಕ್ಕ. ನಗುವಾಗಲೇ ಅವನ ಮುಖ ಬದಲಾಯಿತು. ಎದ್ದು ನಿಂತು ಗಂಟನ್ನೇ ನೋಡಿದ. "ಗಾಳಿನ ಹೋಗಿಲ್ರಿ ಒಳಗ, ಅವ್ವಾರ. ಇದರ ಮೂಗ ಕಟ್ಟೇವಿ ನಾವು."

ಶಿವವ್ವ ನಗಲಿಲ್ಲ.

ಮಾಳು ಮೇಲೆ ಹತ್ತಿದ. ಆದರೂ ಅವನ ಕೈ ಏಳಲಿಲ್ಲ. "ನೀವ ಹೇಳ್ರಿ. ಬಿಚ್ಚಲ್ಯಾ?"

ರಸ್ತೆಯಲ್ಲಿ ಗಾಡಿಗಳು ಹಾಯುತ್ತಲೇ ಇದ್ದವು. "ಬಿಚ್ಚು" ಎಂದಳು. "ಹರೀಬ್ಯಾಡ."

ಒಂದೊಂದಾಗಿ ಕೆಳಗೆ ಬಂದವು. ಮೇಲಿನವು ಯಾವ ಬಟ್ಟೆ ಎಂದು ಗುರುತು ಸಿಗಲಿಲ್ಲ. ಒಳಗೆ ಹೋದಂತೆ ಸಿಕ್ಕಿತು. ಹಸಿರು ಅಂಚಿನದು, ಮೇಳವಂಕಿಯಲ್ಲಿ ತಂಗಿಯ ಮಗಳ ಲಗ್ನಕ್ಕೆ ಉಟ್ಟಿದ್ದು. ಇನ್ನೊಂದರ ಮೇಲೆ ಬೀಡಿ ತಾಗಿ ಸುಟ್ಟ ತೂತು, ಆ ದಿನ ಅವಳು ಬೈದ ಬೈಗುಳವೂ ನೆನಪಾಯಿತು. ತೀರ ಒಳಗಿನದು ಒಂದು ಮಗ್ಗುಲು ಇನ್ನೂ ಬೆಳ್ಳಗಿತ್ತು. ಅದನ್ನು ಮಡಚಿ ಉಡಿಯಲ್ಲಿ ಇಟ್ಟುಕೊಂಡಳು. ಉಳಿದವನ್ನು ಮಾಳು ಏನು ಮಾಡಲೆಂದು ಕೇಳಿದಾಗ, "ಗಾಲಿ ಒರಸಾಕ ಇಟ್ಕೊ" ಎಂದಳು. ಹಾಗೆ ಅಂದದ್ದು ಅವಳಿಗೇ ಆಶ್ಚರ್ಯವಾಯಿತು.

ಗಾಡಿ ಚಾಲೂ ಆಯಿತು. ಮೊದಲು ಒಂದು ಮೋಡದಷ್ಟು ಕರಿ ಹೊಗೆ ಕಾರಿತು, ಆಮೇಲೆ ಹೊಗೆ ತಿಳಿಯಾಯಿತು. ಮಾಳು ಕ್ಲಚ್ ಬಿಟ್ಟ. ಗಾಡಿ ಕಲ್ಲು ಹಿಂದೆ ಬಿಟ್ಟು ಏರತೊಡಗಿತು. ಇಂಜಿನ್ನಿನ ಸದ್ದು ಗಂಟಲಿನಿಂದ ಎದೆಗೆ ಇಳಿದ ಹಾಗೆ ದಪ್ಪಗಾಯಿತು. ಅದು ಮುರಿಗೆಪ್ಪ ಇದ್ದಾಗಿನ ಸದ್ದು. ಗಾಡಿ ಊರ ಹೊರಗಿನ ಸೇತುವೆಗೆ ಬಂದಾಗಲೇ ಆ ಸದ್ದು ಕೇಳಿ ಅವಳು ಒಲೆಯ ಮೇಲೆ ಹಂಚಿಡುತ್ತಿದ್ದಳು. "ಎಳಿಯಾಕತ್ತೈತ್ರೀ! ಮ್ಯಾಲಿನ ಗೇರ್‌ನ್ಯಾಗ ಎಳಿಯಾಕತ್ತೈತಿ!" ಎಂದು ಮಾಳು ಸ್ಟಿಯರಿಂಗ್ ಬಡಿಯುತ್ತಿದ್ದ. ಶಿವವ್ವ ಕಿಟಕಿಯ ಕಡೆ ಮುಖ ತಿರುಗಿಸಿದಳು. ಈ ಸುದ್ದಿ ಕೇಳಿ ಖುಷಿಪಡಬೇಕಾದವನು ಒಬ್ಬನೇ ಒಬ್ಬ. ಅವನಿಗೆ ಹೇಳುವ ಹಾಗಿರಲಿಲ್ಲ.

ಸಂಕೇಶ್ವರಕ್ಕೆ ಸವಾಲಿಗೆ ಮುಂಚೆಯೇ ಮುಟ್ಟಿದರು. ಬಸವಲಿಂಗ ಗಡಿಯಾರ ನೋಡಿದ, ಗಾಡಿ ನೋಡಿದ. "ಏನ್ರಿ ಶಿವವ್ವಾರ, ಇಂಜಿನ್ನ ಹೊಸಾದು ಹಾಕಿಸಿದ್ರೇನು?"

"ಇಲ್ಲಪಾ. ಮೂಗ ಬಿಡಿಸಿದ್ವಿ."

ಬಸವಲಿಂಗನಿಗೆ ಅರ್ಥವಾಗಲಿಲ್ಲ, ಆದರೆ ಗಾಡಿ ಬೇಕಿತ್ತು. ಅವನು ಒಂದು ಮಾತು ಮುಂದಿಟ್ಟ. ಸಂಕೇಶ್ವರದಿಂದ ಘಟ್ಟ ಇಳಿದು ಕೊಂಕಣಕ್ಕೆ ಬೆಲ್ಲ, ಬರುವಾಗ ಅಲ್ಲಿಯ ಸರಕು. ಸುಗ್ಗಿ ಮುಗಿದರೂ ಕೆಲಸ ನಿಲ್ಲುವುದಿಲ್ಲ. ಗಾಡಿ ಮಾತ್ರ ಇಲ್ಲೇ ಇರಬೇಕು.

ಮಾಳು ತಲೆ ಕೆರೆದುಕೊಂಡ. "ದಿನಾ ಮನಿಗೆ ಬರಾಕ ಆಗೂದಿಲ್ರಿ ಅವ್ವಾರ. ಶನಿವಾರಕ್ಕೊಮ್ಮೆ ತಂದು ನಿಲ್ಲಸ್ತೇನಿ. ಬ್ಯಾಡಂದ್ರ ಮೂಡಲಗಿ ಖೇಪೇ ಹೊಡಿಯೂಣು. ಗಾಡಿ ನಿಮ್ದು."

ಬೇಡ ಎನ್ನಬಹುದಿತ್ತು. ಅಂದಿದ್ದರೆ ನಾಳೆಯೂ ಮುಂಜಾನೆ ಗಾಲಿ ಬಡಿಯುವ ಸದ್ದು ಕೇಳುತ್ತಿತ್ತು. ಗುಜರಿಗೆ ಕೊಡಬಾರದು ಎಂದು ಜೀವ ಹಿಡಿದದ್ದೇ ಆ ಸದ್ದಿಗಾಗಿ. ಆದರೆ ಸುಗ್ಗಿ ಕಳೆದ ಮೇಲೆ ಅರ್ಧ ವರ್ಷ ಗಾಡಿ ಅಂಗಳದಲ್ಲಿ ನಿಂತು ತುಕ್ಕು ತಿನ್ನುವುದನ್ನೂ, ಆಗ ಮಾಳು ಕಂಡವರ ಹೊಲಕ್ಕೆ ಕೂಲಿಗೆ ಹೋಗುವುದನ್ನೂ ಅವಳು ಕಂಡಿದ್ದಳು. ಈಗ ಅವನು ಅವಳ ಮುಖ ಬಿಟ್ಟು ಎಲ್ಲಾ ಕಡೆ ನೋಡುತ್ತಿದ್ದ.

"ಗುಜರಿಯಾಂವಗ ಫೋನ್ ಹಚ್ಚಿ ಬರಬ್ಯಾಡಂತ ಹೇಳು" ಎಂದಳು. "ಮತ್ತ ನೀ ಘಟ್ಟದಾಗ ಸಾವಕಾಶ ಹೋಗು."

ಅವಳು ಬಸ್ಸಿಗೆ ಊರಿಗೆ ಬಂದಳು. ಅಂಗಳ ಬಯಲಾಗಿತ್ತು. ಮರುದಿನ ಬಾಗಿಲು ತೆಗೆದರೆ ಬಿಸಿಲು ನೇರ ಒಳಗೆ ಬಂದು ಒಲೆಯ ತನಕ ಬಿತ್ತು. ಶೇಂಗಾ ಸುಲಿಯುವವರು ನೆರಳಿಲ್ಲವೆಂದು ಆಚೆ ಮನೆಯ ಕಟ್ಟೆಗೆ ಹೋದರು. ಕರೆದರೆ ಅವಳೂ ಹೋಗುತ್ತಿದ್ದಳು, ಕರೆಯಲಿಲ್ಲ. ಎರಡು ದಿನ ಅವಳ ಬಾಯಿಂದ ಹೊರಟ ಮಾತೆಂದರೆ ಕೋಳಿಗೆ ಹಾಕಿದ ಗದರು.

ಮೂರನೆಯ ದಿನ ಅಲ್ಲವ್ವ ಎಮ್ಮೆಯ ಹಗ್ಗ ಹಿಡಿದುಕೊಂಡು ಬಂದಳು. "ಶಿವಕ್ಕಾ, ಜಾಗಾ ಖಾಲಿ ಬಿದ್ದೈತಿ. ನಮ್ಮ ಎಮ್ಮಿ ಕಟ್ಟಲ್ಯಾ? ನಮ್ಮ ಮನಿ ಮುಂದ ಗಟಾರ ಅಗದು ಒಗದು ಹೋಗ್ಯಾರ."

"ಕಟ್ಟು. ಶನಿವಾರ ಮಾತ್ರ ತಗೀಬೇಕ್ ನೋಡು. ಗಾಡಿ ಬರತೈತಿ."

"ತಗೀತೇನವಾ. ನಮ್ಮ ಎಮ್ಮಿ ನಿನ್ನ ಗಾಡಿ ಸಂಗಾಟ ಜಗಳಾ ಆಡೂದಿಲ್ಲ."

ಅಲ್ಲವ್ವ ಗೂಟ ಬಡಿಯಲು ಬಾಗಿದಳು. ಶಿವವ್ವ ಇಳಿದು ಬಂದು ಅವಳ ಕೈ ಹಿಡಿದು ಎರಡು ಮಾರು ಆಚೆ ಸರಿಸಿದಳು. "ಅಲ್ಲಿ ಗಾಲಿ ನಿಲ್ಲತಾವು. ಇಲ್ಲಿ ಬಡಿ." ಗೂಟ ನೆಲಕ್ಕೆ ಇಳಿಯುವ ತನಕ ನಿಂತು ನೋಡಿದಳು. ಎಮ್ಮೆ ಅವಳ ಕಡೆ ಕತ್ತು ತಿರುಗಿಸಿ ಬುಸ್ಸೆಂದಿತು.

"ಹಾಲು ಹಿಂಡಾಕ ಎಷ್ಟೊತ್ತಿಗೆ ಬರ್ತಿ?" ಎಂದು ಕೇಳಿದಳು.

"ಎಂದಿನಂಗ, ಹೊತ್ತು ಏರಿದ ಮ್ಯಾಲ."

"ಮುಂಜಾನಿ ಲಗೂನ ಬಾ. ಚಾ ಇಟ್ಟಿರತೇನಿ" ಎಂದಳು ಶಿವವ್ವ.